ಶಿವಮೊಗ್ಗದ ಆರು ತಿಂಗಳ ಹಾರ್ಡ್‌ವೇರ್-ನೆಟ್‌ವರ್ಕಿಂಗ್ ಕೋರ್ಸ್: ಮೂರು ವರ್ಷ ಕಳೆದ ಮೇಲಿನ ಮಾತು

2022ರ ಜೂನ್‌ನಲ್ಲಿ ಸೇರಿದೆ, ಡಿಸೆಂಬರ್‌ನಲ್ಲಿ ಮುಗಿಯಿತು. ಮುಗಿದ ವಾರವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಕೆಲಸ ಸಿಗದೆ ಆರು ತಿಂಗಳು ಮನೆಯಲ್ಲಿ ಅಡಿಕೆ ಹೆಕ್ಕುತ್ತಾ ಕೂತಿದ್ದಾಗ ಬರೆದಿದ್ದರೆ ಒಂದು ಕೊಡುತ್ತಿದ್ದೆ. ಈಗ ಎರಡು ವರ್ಷದಿಂದ ಇದೇ ಕೆಲಸದಲ್ಲಿ ಅನ್ನ ತಿನ್ನುತ್ತಿದ್ದೇನೆ, ಮೂರು ಕೊಡುತ್ತೇನೆ. ಆ ಮೂರರಲ್ಲಿ ಎರಡೂವರೆ ಹಿಂದಿನ ಕೋಣೆಯ ಗುಜರಿ ರಾಶಿಗೆ ಸಲ್ಲಬೇಕು. ಅದರ ಕಥೆ ಮುಂದೆ ಹೇಳುತ್ತೇನೆ.

ಸಂಸ್ಥೆಯ ಹೆಸರು ಬೇಡ. ಊರಲ್ಲಿ ಇಂಥವು ಹಲವು ಇವೆ, ಕರಪತ್ರವೂ ಹೆಚ್ಚುಕಮ್ಮಿ ಒಂದೇ: ‘ಎ ಪ್ಲಸ್, ಎನ್ ಪ್ಲಸ್, ಸಿಸಿಎನ್‌ಎ, ನೂರಕ್ಕೆ ನೂರು ಉದ್ಯೋಗ’. ನಾನು ತೀರ್ಥಹಳ್ಳಿ ಕಡೆಯವನು, ಓದಿದ್ದು ಬಿ.ಕಾಂ. ಬೆಳಿಗ್ಗೆ ಬಸ್ಸು ಹತ್ತಿದರೆ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗ ಮುಟ್ಟುವಷ್ಟರಲ್ಲಿ ಅರ್ಧ ನಿದ್ದೆ ಮುಗಿದಿರುತ್ತಿತ್ತು. ಫೀಸು ಮೂವತ್ತೆರಡು ಸಾವಿರ, ಎರಡು ಕಂತು. ಎರಡನೆಯ ಕಂತಿಗೆ ಅಪ್ಪ ಅಡಿಕೆ ರೇಟು ಏರಲಿ ಎಂದು ಕಾಯುತ್ತಿದ್ದರು, ಆಫೀಸಿನ ಮೇಡಂ ಮಾತ್ರ ದಿನಾ ಫೋನ್ ಮಾಡುತ್ತಿದ್ದರು.

ಆ ಕರಪತ್ರದ ಮೊದಲ ಪದ ನನಗೆ ಅರ್ಥವಾಗಿದ್ದೇ ದುಡ್ಡು ಕಟ್ಟಿದ ನಾಲ್ಕು ತಿಂಗಳ ಮೇಲೆ. ಎ ಪ್ಲಸ್ ಅಂದರೆ ಕಾಂಪ್ಟಿಯಾ ಎಂಬ ಸಂಸ್ಥೆ ನಡೆಸುವ ಕಂಪ್ಯೂಟರ್ ರಿಪೇರಿ ಕೆಲಸದ ಪರೀಕ್ಷೆ, ಉಳಿದೆರಡು ನೆಟ್‌ವರ್ಕಿಂಗ್ ಪರೀಕ್ಷೆಗಳು. ಎ ಪ್ಲಸ್‌ಗೆ ಎರಡು ಪೇಪರು, ಒಂದೊಂದಕ್ಕೂ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಪಾಸಾಗಲು 900ಕ್ಕೆ ಮೊದಲನೆಯದರಲ್ಲಿ 675, ಎರಡನೆಯದರಲ್ಲಿ 700 ಬೇಕು. ಎರಡಕ್ಕೂ ಬೇರೆ ಬೇರೆ ಶುಲ್ಕ, ಅದು ಕೋರ್ಸ್ ಫೀಸಿನಲ್ಲಿ ಸೇರಿಲ್ಲ. ಪಾಸಾದರೂ ಮೂರು ವರ್ಷಕ್ಕೆ ನವೀಕರಿಸಬೇಕು. ನಮಗೆ ಕೊಟ್ಟಿದ್ದು ಚಿನ್ನದ ಬಣ್ಣದ ಅಂಚಿನ, ‘ಎ ಪ್ಲಸ್ ತರಬೇತಿ ಪಡೆದಿದ್ದಾರೆ’ ಎಂಬ ಕಾಗದ. ‘ತರಬೇತಿ’ ಅನ್ನುವ ಒಂದೇ ಪದದಲ್ಲಿ ಇಡೀ ವ್ಯವಹಾರ ಅಡಗಿದೆ. ಸುಳ್ಳು ಅನ್ನುವಂತಿಲ್ಲ, ನಿಜ ಅನ್ನುವಂತೆಯೂ ಇಲ್ಲ. ಬೆಂಗಳೂರಿನ ಇಂಟರ್‌ವ್ಯೂನಲ್ಲಿ ಅದನ್ನು ಮುಂದಿಟ್ಟಾಗ ಆ ಹುಡುಗಿ ನಕ್ಕು, ಕವರಿನೊಳಗೆ ವಾಪಸ್ ಹಾಕಿಕೊಟ್ಟಳು.

ಸಿಲಬಸ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ, ಎಲ್ಲ ಹಳೇ ಕಾಲದ್ದು. 2022ರಲ್ಲಿ ನಮಗೆ ಐಡಿಇ ಹಾರ್ಡ್‌ಡಿಸ್ಕಿನ ಮಾಸ್ಟರ್-ಸ್ಲೇವ್ ಜಂಪರ್ ಪಾಠ ಮಾಡಿದರು. ಫ್ಲಾಪಿ ಡ್ರೈವಿನ ಚಿತ್ರ ಬರೆಸಿದರು. ವಿಂಡೋಸ್ 7 ಹಾಕುವುದನ್ನು ಮೂರು ದಿನ ಕಲಿಸಿದರು.

ಈಗ ಗುಜರಿ ರಾಶಿಗೆ ಬರೋಣ. ಹಿಂದಿನ ಕೋಣೆಯಲ್ಲಿ ಇಪ್ಪತ್ತು ಮೂವತ್ತು ಸತ್ತ ಸಿಪಿಯುಗಳಿದ್ದವು. ಮಧ್ಯಾಹ್ನದ ಬ್ಯಾಚಿಗೆ ಬರುತ್ತಿದ್ದ ಮೇಷ್ಟ್ರು ಪಾಠ ಮಾಡಿದ್ದು ಕಡಿಮೆ. ಓಡುವ ಯಂತ್ರವೊಂದನ್ನು ತಂದು, ನಮ್ಮನ್ನು ಚಾ ಕುಡಿಯಲು ಕಳಿಸಿ, ಏನೋ ಒಂದು ಕಿತ್ತು ಅಥವಾ ಕೆಡಿಸಿ ಇಡುತ್ತಿದ್ದರು. ‘ಹುಡುಕ್ರೋ’ ಅಂದು ತಾವು ಪೇಪರ್ ಓದುತ್ತಾ ಕೂರುವುದು. ಒಂದು ದಿನ ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಅರ್ಧ ಕೂತಿರುತ್ತಿತ್ತು, ಇನ್ನೊಂದು ದಿನ ತುದಿಗೆ ಪಿನ್ನು ಒತ್ತಿ ಕೂರಿಸಿದ (ಕ್ರಿಂಪ್ ಮಾಡಿದ) ನೆಟ್ ಕೇಬಲಿನಲ್ಲಿ ಹಸಿರು-ಬಿಳಿ, ನೀಲಿ ಎಳೆಗಳು ಅದಲುಬದಲು. ಎರಡು ತಾಸು ಒದ್ದಾಡಿದರೂ ಬಾಯಿ ಬಿಡುತ್ತಿರಲಿಲ್ಲ. ಅವತ್ತು ಬೈದುಕೊಂಡೆವು. ಇವತ್ತು ನನ್ನ ಕೈಗೆ ಗೊತ್ತಿರುವುದೆಲ್ಲ ಆ ಕೋಣೆಯದೇ.

ಉದಾಹರಣೆ ಕೊಡುತ್ತೇನೆ. ನಾನೀಗ ಇರುವುದು ಸಹಕಾರ ಸಂಘ, ಅಡಿಕೆ ಮಂಡಿ, ನರ್ಸಿಂಗ್ ಹೋಮ್‌ಗಳ ಕಂಪ್ಯೂಟರ್ ನೋಡಿಕೊಳ್ಳುವ ಸಣ್ಣ ಸಂಸ್ಥೆಯಲ್ಲಿ. ಹೊಸನಗರ ಕಡೆಯ ಒಂದು ಸಂಘದಲ್ಲಿ ‘ಬ್ಯಾಂಕ್ ಸೈಟ್ ಓಪನ್ ಆಗ್ತಿಲ್ಲ, ನೆಟ್ ಹೋಗಿದೆ’ ಎಂದು ನಾಲ್ಕು ದಿನ ನೆಟ್ ಕಂಪನಿಗೆ ಬೈದಿದ್ದರು. ಹೋಗಿ ನೋಡಿದರೆ ಪರದೆಯ ಮೂಲೆಯಲ್ಲಿ 2015ರ ಜನವರಿ 1. ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಶೆಲ್ ಸತ್ತಿದೆ, ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ, ತಾರೀಖು ತಪ್ಪಿದರೆ ಬ್ರೌಸರ್ ಸೈಟಿನ ಗುರುತಿನ ಚೀಟಿಯಂಥ ಸರ್ಟಿಫಿಕೇಟನ್ನು ಒಪ್ಪುವುದಿಲ್ಲ. ನಾಣ್ಯದಷ್ಟು ದೊಡ್ಡ ಶೆಲ್ ಬದಲಿಸಿ, ಗಡಿಯಾರ ಸರಿ ಮಾಡಿ ಬಂದೆ. ಮೇಷ್ಟ್ರು ಇದನ್ನೇ ಒಂದು ದಿನ ಕಿತ್ತಿಟ್ಟಿದ್ದರು.

ಮಳೆಗಾಲದಲ್ಲಿ ನಮ್ಮ ಕಡೆ ಕೆಲಸ ಬೇರೆಯೇ. ಥಂಡಿಗೆ ರ‍್ಯಾಮಿನ ಹಲ್ಲು ಮಂಕಾಗಿ ಯಂತ್ರ ಬೀಪ್ ಹೊಡೆಯುತ್ತದೆ, ರಬ್ಬರಿನಲ್ಲಿ ಉಜ್ಜಿ ಹಾಕಿದರೆ ಎಷ್ಟೋ ಸಲ ಏಳುತ್ತದೆ. ಸಿಡಿಲಿನದು ಇನ್ನೂ ವಿಚಿತ್ರ. ಇಂಟರ್ನೆಟ್ ತರುವ ಫೈಬರ್ ಎಳೆ ಗಾಜು, ಅದರೊಳಗೆ ಸಿಡಿಲು ಹರಿಯುವುದಿಲ್ಲ. ಆದರೆ ಕರೆಂಟಿನ ಅಡಾಪ್ಟರ್ ಮೂಲಕ ನೆಟ್ಟಿನ ಡಬ್ಬಿಗೆ (ರೂಟರಿಗೆ), ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿನ ತನಕ ನಡೆಯುತ್ತದೆ. ನೆಟ್ಟಿನಲ್ಲಿ ಯಂತ್ರವನ್ನು ಗುರುತಿಸುವ ಐಪಿ ವಿಳಾಸ 169.254 ಎಂದು ಶುರುವಾದರೆ ಯಂತ್ರಕ್ಕೆ ಆ ಡಬ್ಬಿಯಿಂದ ವಿಳಾಸ ಬಂದಿಲ್ಲ, ತಾನೇ ಇಟ್ಟುಕೊಂಡಿದೆ ಎಂದರ್ಥ. ಜೂನ್‌ನಲ್ಲಿ ಅದನ್ನು ನೋಡಿದ ಕೂಡಲೇ ನಾನು ಕೇಳುವುದು, ‘ರಾತ್ರಿ ಗುಡುಗಿತ್ತಾ?’

ಯಾವ ಕೋರ್ಸೂ ಕಲಿಸದ್ದು ಎರಡು. ಒಂದು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಮಂಡಿಯವರಿಗೆ ಅದೇ ಬೇಕು, ಕಾರ್ಬನ್ ಪ್ರತಿ ಬರುವುದು ಅದರಲ್ಲೇ. ಇನ್ನೊಂದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಹಳೆ ನುಡಿಯಲ್ಲಿ ಟೈಪ್ ಮಾಡಿದ ನಡಾವಳಿಯನ್ನು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅಕ್ಷರವೆಲ್ಲ ಚಿತ್ರಾನ್ನ. ‘ವೈರಸ್ ಬಂದಿದೆ’ ಎಂದು ಕಾರ್ಯದರ್ಶಿ ಗಾಬರಿ. ಇದು ಎಲ್ಲ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡ್ ಅಲ್ಲ, ಫಾಂಟ್ ಹಾಕಿದರೆ ಸರಿಹೋಗುತ್ತದೆ ಎಂದು ಹೇಳಿ ನಂಬಿಸುವುದೇ ಅರ್ಧ ಕೆಲಸ.

ಆ ಆರು ತಿಂಗಳ ಖಾಲಿಯಲ್ಲಿ ಪುಕ್ಕಟೆಯಾಗಿ ಕಲಿತದ್ದನ್ನೂ ಹೇಳಬೇಕು. ಪ್ರೊಫೆಸರ್ ಮೆಸ್ಸರ್ ಎಂಬವರ ಎ ಪ್ಲಸ್ ವಿಡಿಯೋಗಳು ಯೂಟ್ಯೂಬಿನಲ್ಲಿ ಪೂರ್ತಿ ಇವೆ. ಕೋರ್ಸೆರಾ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿ ಗೂಗಲ್‌ನ ಐಟಿ ಸಪೋರ್ಟ್ ಸರ್ಟಿಫಿಕೇಟ್ 2018ರಿಂದ ಇದೆ. ತಿಂಗಳ ಲೆಕ್ಕದ ಫೀಸು, ಹಣಕಾಸಿನ ನೆರವಿಗೆ ಅರ್ಜಿ ಹಾಕಲು ದಾರಿ ಇದೆ, ನಾನು ಹಾಗೇ ಮಾಡಿದೆ. ಡಿಎನ್‌ಎಸ್, ಡಿಎಚ್‌ಸಿಪಿ (ಸೈಟಿನ ಹೆಸರಿಗೆ ವಿಳಾಸ ಹುಡುಕುವ, ಯಂತ್ರಕ್ಕೆ ವಿಳಾಸ ಹಂಚುವ ಏರ್ಪಾಡುಗಳು) ತಲೆಗೆ ಹತ್ತಿದ್ದು ಅಲ್ಲೇ. ಇಂಗ್ಲಿಷ್ ಮೊದಮೊದಲು ಕಷ್ಟ, ವೇಗ ಕಡಿಮೆ ಮಾಡಿ ಎರಡೆರಡು ಸಲ ಕೇಳಿದೆ. ಪರದೆಯ ಮೇಲೆಯೇ ನೆಟ್‌ವರ್ಕ್ ಕಟ್ಟಿ ಕಲಿಯುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಕೂಡ ಖಾತೆ ಮಾಡಿಕೊಂಡರೆ ಉಚಿತ. ಆದರೆ ಮನೆಯಲ್ಲಿ ಕೂತು ನೋಡಿದ್ದರಲ್ಲಿ ಸ್ಕ್ರೂ ಬಿಚ್ಚುವ ಧೈರ್ಯ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಮೂವತ್ತೆರಡು ಸಾವಿರ ಕೊಟ್ಟಿದ್ದು ಆ ಧೈರ್ಯಕ್ಕೆ. ಸ್ವಲ್ಪ ದುಬಾರಿಯಾಯಿತು, ಆದರೆ ಪೂರ್ತಿ ನೀರಿಗೆ ಹೋಗಲಿಲ್ಲ.

‘ನೂರಕ್ಕೆ ನೂರು ಉದ್ಯೋಗ’ ಅಂದರೆ ಒಂದು ವಾಟ್ಸಾಪ್ ಗ್ರೂಪು. ಅದರಲ್ಲಿ ನನಗೆ ಬಂದಿದ್ದು ಒಂದೇ ಕರೆ: ಬೆಂಗಳೂರಲ್ಲಿ ಫೀಲ್ಡ್ ಇಂಜಿನಿಯರ್, ಹನ್ನೊಂದು ಸಾವಿರ, ಬೈಕು ನಮ್ಮದೇ, ಪೆಟ್ರೋಲೂ ನಮ್ಮದೇ. ಈಗಿನ ಕೆಲಸ ಸಿಕ್ಕಿದ್ದು ಆ ಮಧ್ಯಾಹ್ನದ ಮೇಷ್ಟ್ರ ಒಂದು ಫೋನಿನಿಂದ. ಅವರೂ ಈಗ ಅಲ್ಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿತಲ್ಲ, ಆಗಿನಿಂದ ನಮಗೆ ಉಸಿರಾಡಲು ಪುರುಸೊತ್ತಿಲ್ಲ. ಹಳೆ ಯಂತ್ರಗಳಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇಲ್ಲ, ವಿಂಡೋಸ್ 11 ಏರುವುದಿಲ್ಲ, ಸಂಘದವರಿಗೆ ಹೊಸದು ತರಲು ಮನಸ್ಸಿಲ್ಲ. ಹಾಗಾಗಿ ಕೈಗೊಬ್ಬ ಹುಡುಗ ಬೇಕಿತ್ತು. ಪಕ್ಕದ ಮನೆಯವನು ಅದೇ ಕೋರ್ಸಿಗೆ ಸೇರಲಾ ಎಂದು ಕೇಳಿದ. ಡೆಮೊ ಕ್ಲಾಸಿಗೆ ಹೋಗಬೇಡ, ಯಾವುದಾದರೂ ಬುಧವಾರ ಮಧ್ಯಾಹ್ನ ಮೂರಕ್ಕೆ ಹೇಳದೇ ಹೋಗು, ಹಿಂದಿನ ಕೋಣೆ ತೋರಿಸಿ ಅನ್ನು ಅಂದೆ. ಹೋಗಿ ಬಂದ. ಗುಜರಿಯೆಲ್ಲ ಮಾರಿ ಕೋಣೆಗೆ ಎಸಿ ಹಾಕಿಸಿದ್ದಾರಂತೆ, ಗೋಡೆಗೆ ಪ್ರೊಜೆಕ್ಟರ್ ಬಂದಿದೆಯಂತೆ. ಫೀಸು ನಲವತ್ತೈದು. ಸದ್ಯಕ್ಕೆ ಅವನು ನನ್ನ ಜೊತೆ ಬೈಕಿನಲ್ಲಿ ಬರುತ್ತಿದ್ದಾನೆ. ನಿನ್ನೆ ಸಂಘವೊಂದರ ಪ್ರಿಂಟರ್ ಕೇಬಲ್ ಸಡಿಲ ಮಾಡಿಟ್ಟು ನಾನು ಚಾ ಕುಡಿಯಲು ಹೋದೆ.