ನಾಲ್ಕು ಪಿಕಪ್, ಒಂದೇ ಕೊರಕಲು

ಆ ಕೊರಕಲಿನ ಉದ್ದ ಇನ್ನೂರು ಮೀಟರ್ ಇದ್ದರೆ ಹೆಚ್ಚು. ಮಳೆನೀರು ವರ್ಷಗಟ್ಟಲೆ ಹರಿದು ಮಣ್ಣನ್ನೆಲ್ಲ ತಿಂದುಹಾಕಿ, ಕಲ್ಲಿನ ಹಲ್ಲುಗಳನ್ನಷ್ಟೇ ಉಳಿಸಿದೆ. ನಡುವೆ ಒಂದು ದಿಣ್ಣೆ, ಅದರಾಚೆ ಜೇಡಿಮಣ್ಣಿನ ಏರು. ಏರಿನ ನೆತ್ತಿಯಿಂದ ಬಲಕ್ಕೆ ಹೊರಳಿದರೆ ಉದ್ದನೆಯ ಮರಳು, ಮರಳು ಮುಗಿದಲ್ಲಿ ಹೊಳೆ. ಹೊಳೆಯ ಆಚೆ ದಡದಲ್ಲಿ ನಾನು ಡೇರೆ ಹಾಕುವ ಜಾಗ. ಹೊಸ ಪಿಕಪ್ ಕೊಳ್ಳುವ ಮೊದಲು ಮನಸ್ಸಿನಲ್ಲಿದ್ದ ನಾಲ್ಕು ವಾಹನಗಳನ್ನೂ ಎರಡು ವಾರಾಂತ್ಯಗಳಲ್ಲಿ ಇದೇ ದಾರಿಯಲ್ಲಿ ಓಡಿಸಿ ನೋಡಿದೆ. ಮೂರು ಗೆಳೆಯರವು, ಒಂದು ಬಾಡಿಗೆಯದು. ಬಾಡಿಗೆಯದು ಯಾವುದೆಂದು ಹೇಳಲಾರೆ. ಅದರ ಹೊಟ್ಟೆಗೆ ನಾನು ಎಳೆದ ಗೀರಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಟೊಯೊಟಾ ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್, ಫೋರ್ಡ್ ರೇಂಜರ್ ರ‍್ಯಾಪ್ಟರ್, ಜೀಪ್ ಗ್ಲಾಡಿಯೇಟರ್ ರುಬಿಕಾನ್. ಕಾಗದದ ಮೇಲೆ ನಾಲ್ಕೂ ಒಂದೇ ಕುಲ: ಡಬಲ್ ಕ್ಯಾಬ್, ಏಣಿಯಂಥ ಚಾಸಿ, ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಗೇರು, ಹಿಂದೆ ತೆರೆದ ತೊಟ್ಟಿ. ನೆಲಕ್ಕಿಳಿದ ಮೇಲೆ ನಾಲ್ಕು ಬೇರೆ ಬೇರೆ ಪ್ರಾಣಿಗಳು.

ನನ್ನ ಅಳತೆಗೋಲನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಾಹನ ಎಷ್ಟು ನಿಧಾನವಾಗಿ ಹೋಗಬಲ್ಲದು ಎಂಬುದೇ ನಾನು ಮೊದಲು ನೋಡಿದ್ದು. ಕಲ್ಲಿನ ಮೇಲೆ ಕೆಡುವುದೆಲ್ಲ ಅವಸರದಿಂದ ಕೆಡುತ್ತದೆ. ಚಕ್ರ ಕಲ್ಲನ್ನು ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿದರೆ ಟೈರೂ ಉಳಿಯುತ್ತದೆ, ಆಕ್ಸಲೂ ಉಳಿಯುತ್ತದೆ, ಬೆನ್ನುಮೂಳೆಯೂ ಉಳಿಯುತ್ತದೆ.

ಆ ಲೆಕ್ಕದಲ್ಲಿ ಗ್ಲಾಡಿಯೇಟರ್ ರುಬಿಕಾನ್‌ಗೆ ಸಾಟಿಯಿಲ್ಲ. ಅದರ ಲೋ ರೇಂಜ್ ಅನುಪಾತವೇ 4:1. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಮೊದಲ ಗೇರಿನಲ್ಲಿ ಎಂಜಿನ್ 77 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಅಮೆರಿಕದಲ್ಲಿ ಮಾರಿದ ಮ್ಯಾನುಯಲ್ ಮಾದರಿಯಲ್ಲಿ 84. ಹೈಲಕ್ಸ್‌ನ ಆಟೊಮ್ಯಾಟಿಕ್‌ನಲ್ಲಿ ಈ ಸಂಖ್ಯೆ ಅದರ ಅರ್ಧಕ್ಕೂ ಬರುವುದಿಲ್ಲ. ಇದರ ಅರ್ಥ ತಿಳಿದದ್ದು ಕೊರಕಲಿಗೆ ಇಳಿದ ಮೇಲೆಯೇ. ಎರಡೂ ಪೆಡಲ್‌ಗಳಿಂದ ಕಾಲು ತೆಗೆದೆ. ಕೂತ ಹಸುವಿನಂತೆ ಎಂಜಿನ್ ಮೆಲುಕು ಹಾಕುತ್ತಿತ್ತು, ವಾಹನ ತನ್ನ ಪಾಡಿಗೆ ಕಲ್ಲುಗಳನ್ನು ಒಂದೊಂದಾಗಿ ತುಳಿಯುತ್ತ ಇಳಿಯಿತು. ಪಕ್ಕದಲ್ಲಿ ದಾರಿ ತೋರಿಸುತ್ತ ನಡೆಯುತ್ತಿದ್ದ ಗೆಳೆಯನೇ ನಮಗಾಗಿ ಎರಡು ಸಲ ನಿಲ್ಲಬೇಕಾಯಿತು.

ಮುಂದೆಯೂ ಹಿಂದೆಯೂ ಇಡಿಯಾದ ಆಕ್ಸಲ್ ಇರುವುದು ಈ ನಾಲ್ಕರಲ್ಲಿ ಇದಕ್ಕೊಂದಕ್ಕೇ. ಒಂದು ಬದಿಯ ಚಕ್ರ ಕಲ್ಲಿನ ಮೇಲೇರಿದರೆ ಇನ್ನೊಂದನ್ನು ಅದು ಕೆಳಕ್ಕೆ ಒತ್ತುತ್ತದೆ, ತಕ್ಕಡಿಯ ಹಾಗೆ. ಒಂದು ಗುಂಡಿ ಒತ್ತಿದರೆ ಎರಡು ಬದಿಯ ಚಕ್ರಗಳನ್ನು ಬೆಸೆದು ವಾಲುವಿಕೆ ತಡೆಯುವ ಸರಳು, ಮುಂದಿನ ಸ್ವೇ ಬಾರ್, ಬಿಡಿಸಿಕೊಂಡು ಚಕ್ರಗಳು ಇನ್ನಷ್ಟು ಸಡಿಲವಾಗಿ ಚಾಚುತ್ತವೆ. ವೇಗ ಗಂಟೆಗೆ ಮೂವತ್ತು ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಅದು ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಎರಡೂ ಆಕ್ಸಲ್‌ಗೆ ಡಿಫರೆನ್ಶಿಯಲ್ ಲಾಕ್, ಅಂದರೆ ಎರಡು ಬದಿಯ ಚಕ್ರಗಳೂ ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯುವ ಬೀಗ. ಮೂತಿ ನೆಲಕ್ಕೆ ತಾಗದೆ ಏರಬಲ್ಲ ಕೋನ 43 ಡಿಗ್ರಿ.

ಇಷ್ಟೆಲ್ಲ ಇದ್ದೂ ದಿಣ್ಣೆಯ ಮೇಲೆ ಅದು ಹೊಟ್ಟೆ ಊರಿ ಕೂತಿತು. ಕಾರಣ ಸರಳ ರೇಖಾಗಣಿತ: ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು 3.49 ಮೀಟರ್ ಅಂತರ. ಹೊಟ್ಟೆ ತಾಗದೆ ದಿಣ್ಣೆ ದಾಟಬಲ್ಲ ಕೋನ 20 ಡಿಗ್ರಿ ಚಿಲ್ಲರೆ. ಮುಂದಿನ ಚಕ್ರಗಳು ಆಚೆ ಇಳಿದವು, ಹಿಂದಿನವು ಇನ್ನೂ ಈಚೆ, ನಡುವೆ ಉಕ್ಕಿನ ಪಕ್ಕದ ಕಂಬಿಗಳು ಕಲ್ಲಿಗೆ ತಾಗಿ ಕಮ್ಮಾರಸಾಲೆಯ ಸದ್ದು. ಆ ಕಂಬಿಗಳು ಇರುವುದೇ ಆ ಸದ್ದಿಗಾಗಿ, ನಿಜ. ಜಾರಿಸಿಕೊಂಡೇ ದಾಟಿದೆವು. ಆದರೆ ಹೊಟ್ಟೆಯಡಿ ಕಲ್ಲು ಉಜ್ಜುವ ಸದ್ದನ್ನು ಪ್ರತಿ ಪ್ರವಾಸದಲ್ಲೂ ಕೇಳಿ ನಗುವ ಸ್ವಭಾವ ಗೆಳೆಯನದು, ನನ್ನದಲ್ಲ. ತೊಟ್ಟಿಯ ವಿಷಯವೂ ಇದೆ. ರುಬಿಕಾನ್ ಹೊರುವ ಭಾರ 600 ಕಿಲೋ ಆಸುಪಾಸು. ಅದರೊಳಗೆ ಕೂತವರ ತೂಕವೂ ಸೇರಬೇಕು. ನಾಲ್ವರು ಕೂತು, ನೀರಿನ ಕ್ಯಾನ್, ಡೇರೆ, ಸಲಕರಣೆ ಏರಿಸಿದರೆ ಲೆಕ್ಕ ಬೇಗ ಮುಗಿಯುತ್ತದೆ.

ರ‍್ಯಾಪ್ಟರ್ ಬೇರೆಯೇ ಪಂಥ. ಮೂರು ಲೀಟರಿನ ಟ್ವಿನ್ ಟರ್ಬೊ ವಿ6 ಪೆಟ್ರೋಲ್ ಎಂಜಿನ್. ನಾನು ಓಡಿಸಿದ ಮಾದರಿಯಲ್ಲಿ 292 ಕಿಲೋವ್ಯಾಟ್, 583 ನ್ಯೂಟನ್ ಮೀಟರ್. ಹಿಂದೆ ಪಟ್ಟಿ ಸ್ಪ್ರಿಂಗ್ ಬದಲು ಕಾಯಿಲ್ ಸ್ಪ್ರಿಂಗ್, ಜೊತೆಗೆ ಆಕ್ಸಲನ್ನು ನೇರ ಹಿಡಿಯುವ ವಾಟ್ಸ್ ಲಿಂಕ್. ಎಲ್ಲಕ್ಕಿಂತ ದೊಡ್ಡ ಸಂಗತಿ ಕುಲುಕು ಹೀರುವ, ಎರಡೂವರೆ ಇಂಚಿನ ಫಾಕ್ಸ್ ಡ್ಯಾಂಪರ್‌ಗಳು. ನೆಲಕ್ಕೆ ತಕ್ಕಂತೆ ಅವುಗಳ ಗಡಸನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಬದಲಿಸುತ್ತದೆ. ಸಸ್ಪೆನ್ಶನ್ ಪೂರ್ತಿ ಕುಸಿಯುವ ಹಂತಕ್ಕೆ ಬಂದಾಗ, ಕೊನೆಯ ಕಾಲುಭಾಗದಲ್ಲಿ, ಗರಿಷ್ಠ ಬಲದಿಂದ ತಡೆಯುತ್ತದೆ.

ಈ ಕೊನೆಯ ಕಾಲುಭಾಗದ ಪರಿಚಯ ನನಗೆ ಬಯಸದೆಯೇ ಆಯಿತು. ಮರಳಿನಲ್ಲಿ ಈ ವಾಹನ ನೀರಿನ ಮೇಲಿನ ದೋಣಿಯಂತೆ ತೇಲುತ್ತದೆ, ವೇಗ ಏರಿದ್ದೇ ತಿಳಿಯುವುದಿಲ್ಲ. ಮರಳಿನ ನಡುವೆ ನೀರು ಕೊರೆದ ಒಂದು ಮೆಟ್ಟಿಲಿತ್ತು. ಕಂಡಾಗ ಬ್ರೇಕಿಗೆ ತಡವಾಗಿತ್ತು. ವಾಹನ ಒಂದು ಕ್ಷಣ ಹಗುರಾಯಿತು, ನೆಲಕ್ಕಿಳಿಯಿತು, ದಿಂಬಿನ ಮೇಲೆ ಮುಷ್ಟಿ ಬಿದ್ದಂಥ ಮೆತ್ತನೆಯ ಸದ್ದು, ಅಷ್ಟೆ. ಹೈಲಕ್ಸ್‌ನಲ್ಲಾಗಿದ್ದರೆ ಆ ಮೆಟ್ಟಿಲು ನನ್ನ ಹಲ್ಲುಗಳನ್ನು ಎಣಿಸುತ್ತಿತ್ತು. ಆದರೆ ಹೈಲಕ್ಸ್‌ನಲ್ಲಿ ನಾನು ಆ ವೇಗಕ್ಕೆ ಹೋಗುತ್ತಲೇ ಇರಲಿಲ್ಲ. ರ‍್ಯಾಪ್ಟರ್ ಬಗ್ಗೆ ನನ್ನ ತಕರಾರು ಇದೊಂದೇ: ಅದು ಚಾಲಕನ ಹೆದರಿಕೆಯನ್ನು ಕಸಿದುಕೊಳ್ಳುತ್ತದೆ.

ಕೊರಕಲಿನಲ್ಲೂ ಅದು ಹೆಣಗಲಿಲ್ಲ. ಮುಂದೆ ಹಿಂದೆ ಎರಡೂ ಲಾಕ್ ಇವೆ, 33 ಇಂಚಿನ ಟೈರ್‌ಗಳಿವೆ, ನೆಲದಿಂದ 272 ಮಿ.ಮೀ. ಎತ್ತರವಿದೆ. ಹೆಣಗಿದ್ದು ಅಗಲಕ್ಕೆ. ಎರಡು ಮೀಟರಿಗೂ ಮೀರಿದ ಅಗಲ, ಇಕ್ಕೆಲದಲ್ಲಿ ಮಣ್ಣಿನ ಗೋಡೆ. ಕನ್ನಡಿಗಳನ್ನು ಮಡಚಿ, ತಲೆ ಹೊರಗೆ ಹಾಕಿಕೊಂಡು ಓಡಿಸಿದೆ. ಭಾರ ಹೊರುವ ಶಕ್ತಿ 700 ಕಿಲೋ ಆಸುಪಾಸು. ಎಳೆಯುವ ಮಿತಿಯೂ ಸಾಮಾನ್ಯ ರೇಂಜರ್‌ನ 3500 ಕಿಲೋದಿಂದ 2500 ಕಿಲೋಗೆ ಇಳಿದಿದೆ. ಮೆತ್ತನೆಯ ಸ್ಪ್ರಿಂಗ್‌ಗೆ ತೆತ್ತ ಬೆಲೆ ಅದು. ಮರಳಿನಲ್ಲಿ ಪೆಟ್ರೋಲ್ ಮುಳ್ಳು ಇಳಿಯುವುದನ್ನು ಕಣ್ಣಾರೆ ಕಂಡೆ, ಅದನ್ನು ಹೆಚ್ಚು ಹೇಳಿ ಪ್ರಯೋಜನವಿಲ್ಲ.

ಉಳಿದ ಎರಡು ಹೆಚ್ಚುಕಡಿಮೆ ಅಣ್ಣತಮ್ಮಂದಿರು. ಹೈಲಕ್ಸ್ ಹೆಸರು 1968ರಿಂದ ಇದೆ. ನಾನು ಓಡಿಸಿದ್ದು 2015ರಲ್ಲಿ ಬಂದ ಎಂಟನೆಯ ಪೀಳಿಗೆಯದು, 2.8 ಲೀಟರ್ ಡೀಸೆಲ್, 500 ನ್ಯೂಟನ್ ಮೀಟರ್. ಡಿ-ಮ್ಯಾಕ್ಸ್ 2019ರಲ್ಲಿ ಬಂದ ಮೂರನೆಯ ಪೀಳಿಗೆ, ಮೂರು ಲೀಟರ್ ಡೀಸೆಲ್, 450 ನ್ಯೂಟನ್ ಮೀಟರ್. ಎರಡಕ್ಕೂ ಹಿಂದೆ ಪಟ್ಟಿ ಸ್ಪ್ರಿಂಗ್, ಹಿಂಭಾಗಕ್ಕೆ ಮಾತ್ರ ಲಾಕ್, ಒಂದು ಟನ್ ಆಸುಪಾಸು ಹೊರುವ ಬೆನ್ನು. ಎರಡೂ ಖಾಲಿ ಇದ್ದಾಗ ಕಂಪನದ ರಸ್ತೆಯಲ್ಲಿ ಹಿಂಬದಿಯನ್ನು ಮೇಕೆಮರಿಯಂತೆ ಕುಣಿಸುತ್ತವೆ. ತೊಟ್ಟಿಯಲ್ಲಿ ನೂರೈವತ್ತು ಕಿಲೋ ಮರಳಿನ ಚೀಲ ಹಾಕಿ ಮತ್ತೆ ಓಡಿಸಿದೆ. ಕುಣಿತ ಅರ್ಧಕ್ಕರ್ಧ ಇಳಿಯಿತು. ಆದ್ದರಿಂದ ಇಂಥ ವಾಹನವನ್ನು ಖಾಲಿ ತೊಟ್ಟಿಯಲ್ಲಿ ಅರ್ಧ ಗಂಟೆ ಓಡಿಸಿ ಬಿರುಸೆಂದು ತೀರ್ಪು ಕೊಡಬಾರದು. ನೀವು ಹೊರುವ ಭಾರವನ್ನು ಹೇರಿಕೊಂಡೇ ನೋಡಬೇಕು.

ಇವೆರಡೂ ಬೇಡಿಕೆಯ ಮೇಲಷ್ಟೇ ನಾಲ್ಕೂ ಚಕ್ರ ತಿರುಗಿಸುವ ಜಾತಿ. ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ನಡುವೆ ಇಲ್ಲದ ಕಾರಣ ಒಣ ಡಾಂಬರಿನ ಮೇಲೆ ನಾಲ್ಕುಚಕ್ರ ಚಾಲನೆ ಹಾಕಿ ತಿರುಗಿಸಿದರೆ ಇಡೀ ಯಂತ್ರ ಹಿಂಡಿದ ಬಟ್ಟೆಯಂತೆ ಬಿಗಿಯುತ್ತದೆ. ರ‍್ಯಾಪ್ಟರ್‌ಗೆ ಆ ಚಿಂತೆಯಿಲ್ಲ, ಡಾಂಬರಿಗೂ ಹೊಂದುವ ಸ್ವಯಂಚಾಲಿತ ವ್ಯವಸ್ಥೆ ಅದರಲ್ಲಿದೆ. ಮಳೆಯ ರಸ್ತೆಯಲ್ಲಿ ಹೆಚ್ಚು ಓಡಾಡುವವರಿಗೆ ಇದು ದೊಡ್ಡ ವ್ಯತ್ಯಾಸ. ಕೊಳ್ಳುವ ಮುನ್ನ ಕೇಳಬೇಕಾದ ಇನ್ನೊಂದು ಪ್ರಶ್ನೆ: ಹಿಂದಿನ ಲಾಕ್ ಹಾಕಿದಾಗ ಜಾರುವ ಚಕ್ರವನ್ನು ಹಿಡಿಯುವ ಟ್ರ್ಯಾಕ್ಷನ್ ಕಂಟ್ರೋಲ್ ಮುಂದಿನ ಚಕ್ರಗಳಿಗೆ ಉಳಿಯುತ್ತದೆಯೇ, ಆರಿಹೋಗುತ್ತದೆಯೇ? ಎರಡೂ ಬಗೆಯ ವಾಹನಗಳಿವೆ, ಕೆಲವು ಮಾದರಿಗಳಲ್ಲಿ ವರ್ಷದಿಂದ ವರ್ಷಕ್ಕೂ ಬದಲಾಗಿದೆ. ಮಾರಾಟ ಮಳಿಗೆಯಲ್ಲಿ ನಾನು ಕೇಳಿದಾಗ ಅಲ್ಲಿದ್ದ ಹುಡುಗ ಟಚ್ ಸ್ಕ್ರೀನ್ ಎಷ್ಟು ಇಂಚಿನದೆಂದು ಹೇಳಿದ.

ಕೊರಕಲಿನಲ್ಲಿ ಹೈಲಕ್ಸ್ ತಮ್ಮನಿಗಿಂತ ಒಂದು ಕೈ ಮೇಲು. ಅದರ ಹಿಂದಿನ ಚಕ್ರಗಳು ಹಳ್ಳದೊಳಕ್ಕೆ ಕಾಲು ಚಾಚಿದಂತೆ ಇಳಿದು ನೆಲ ಹಿಡಿದವು. ಅದೇ ಜಾಗದಲ್ಲಿ ಡಿ-ಮ್ಯಾಕ್ಸ್ ಒಂದು ಹಿಂಗಾಲನ್ನು ಗಾಳಿಗೆತ್ತಿ, ಕಂಬ ಕಂಡ ನಾಯಿಯ ಭಂಗಿಯಲ್ಲಿ ನಿಂತಿತು. ಲಾಕ್ ಹಾಕಿದ ಮೇಲೆ ಹೊರಟಿತು. ಜೇಡಿಮಣ್ಣಿನ ಏರಿನಲ್ಲಿ ಫಲಿತಾಂಶ ತಿರುವುಮುರುವು: ಡಿ-ಮ್ಯಾಕ್ಸ್ ಸರಾಗವಾಗಿ ಹತ್ತಿತು, ಹೈಲಕ್ಸ್ ಮೂರು ಸಲ ಜಾರಿತು. ಅದನ್ನು ಹೈಲಕ್ಸ್‌ನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಅದರ ಕಾಲಿಗೆ ರಸ್ತೆಯ ಟೈರ್‌ಗಳಿದ್ದವು. ಗೀರುಗಳಲ್ಲಿ ಜೇಡಿ ಮೆತ್ತಿಕೊಂಡು ಒಂದೇ ಸುತ್ತಿಗೆ ಟೈರ್ ಬೋಳಾಯಿತು. ಬೆರಳಿನಿಂದ ಕೆರೆದರೆ ಇಡೀ ಗೀರಿನ ಅಚ್ಚು ಚಕ್ಕುಲಿಯಂತೆ ಕೈಗೆ ಬಂತು. ಡಿ-ಮ್ಯಾಕ್ಸ್‌ನ ಗೆಳೆಯ ಮಣ್ಣು ಕಲ್ಲಿಗೂ ಒಗ್ಗುವ ಆಲ್ ಟೆರೇನ್ ಟೈರ್ ಹಾಕಿಸಿದ್ದ. ಮರಳಿಗೆ ಮುನ್ನ ಎಲ್ಲ ಟೈರ್‌ಗಳ ಗಾಳಿಯನ್ನೂ 36 ಪಿಎಸ್‌ಐನಿಂದ 18ಕ್ಕೆ ಇಳಿಸಿದ್ದೆವು. ಸುಮಾರು ಇಪ್ಪತ್ತು ನಿಮಿಷ ನಾಲ್ಕೂ ವಾಹನಗಳ ಸುತ್ತ ಹಾವಿನ ಬುಸುಗುಟ್ಟುವಿಕೆ. ಆ ಬುಸುಗುಟ್ಟುವಿಕೆಯ ನಂತರ ಮರಳಿನಲ್ಲಿ ಯಾವುದೂ ಹೂಳಲಿಲ್ಲ.

ಹೊಳೆಗೆ ನಾವು ಒಂದು ಕೋಲು ಒಯ್ದಿದ್ದೆವು. ಅದಕ್ಕೆ ನಾಲ್ಕು ಗೀಟು. ಕೆಳಗಿನಿಂದ 70 ಸೆಂಟಿಮೀಟರಿಗೆ ಹೈಲಕ್ಸ್, 76ಕ್ಕೆ ಗ್ಲಾಡಿಯೇಟರ್, 80ಕ್ಕೆ ಡಿ-ಮ್ಯಾಕ್ಸ್, 85ಕ್ಕೆ ರ‍್ಯಾಪ್ಟರ್. ತಯಾರಕರೇ ಹೇಳುವ ನೀರಿನ ಆಳದ ಮಿತಿಗಳು ಇವು. ಮನೆಯಲ್ಲಿ ಕೂತು ಓದುವಾಗ ಹತ್ತು ಸೆಂಟಿಮೀಟರ್ ಏನು ಮಹಾ ಅನಿಸುತ್ತದೆ. ಡೀಸೆಲ್ ಎಂಜಿನ್ ಗಾಳಿಯ ಬದಲು ಒಂದು ಗುಟುಕು ನೀರೆಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲುಗಳ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಅದಕ್ಕಾಗಿಯೇ ಉಸಿರುನಳಿಕೆಗಳ ತುದಿಯನ್ನು ಎತ್ತರದಲ್ಲಿ ಕಟ್ಟಿರಬೇಕು.

ಮೊದಲು ನಾನೇ ಬರಿಗಾಲಲ್ಲಿ ದಾಟಿ, ಕೋಲೂರಿ ನೋಡಿದೆ. ನಡು ಹೊಳೆಯಲ್ಲಿ 74. ಡಿ-ಮ್ಯಾಕ್ಸ್ ಮೊದಲ ಗೇರಿನಲ್ಲಿ, ನಡಿಗೆಯ ವೇಗದಲ್ಲಿ, ಮುಂದೆ ಒಂದು ಅಲೆಯನ್ನು ತಳ್ಳಿಕೊಂಡು ಹೋಯಿತು. ಗ್ಲಾಡಿಯೇಟರ್ ಎರಡು ಸೆಂಟಿಮೀಟರ್ ಬಾಕಿ ಇಟ್ಟುಕೊಂಡು ದಾಟಿತು. ರ‍್ಯಾಪ್ಟರ್‌ಗೆ ಅದೊಂದು ಸಂಗತಿಯೇ ಆಗಲಿಲ್ಲ. ಹೈಲಕ್ಸ್ ಈಚೆ ದಡದಲ್ಲಿ ಉಳಿಯಿತು. ಅದು ದಾಟುತ್ತಿತ್ತೋ ಏನೋ, ನಾಲ್ಕು ಸೆಂಟಿಮೀಟರಿಗಾಗಿ ಗೆಳೆಯನ ಎಂಜಿನ್ ಪಣಕ್ಕಿಡುವ ಧೈರ್ಯ ನನಗಿರಲಿಲ್ಲ.

ನಾನು ಕೊಂಡದ್ದು ಡಿ-ಮ್ಯಾಕ್ಸ್. ಕಲ್ಲಿನ ಮೇಲೆ ಗ್ಲಾಡಿಯೇಟರ್ ಅದಕ್ಕಿಂತ ಎಷ್ಟೋ ಮೇಲು, ಮರಳಿನಲ್ಲಿ ರ‍್ಯಾಪ್ಟರ್ ಮೇಲು, ಕೊರಕಲಿನಲ್ಲಿ ಹೈಲಕ್ಸ್ ಕೂಡ ಮೇಲು. ಆದರೆ ನನ್ನ ಪ್ರತಿ ದಾರಿಯೂ ಆ ಹೊಳೆಯಲ್ಲಿ ಮುಗಿಯುತ್ತದೆ, ಪ್ರತಿ ಸಲವೂ ತೊಟ್ಟಿ ತುಂಬಿರುತ್ತದೆ. ದಾರಿ ಬರೀ ಕಲ್ಲಿನದಾಗಿದ್ದು, ಹೊರೆ ಕಡಿಮೆಯಿದ್ದಿದ್ದರೆ ಗೆಳೆಯನ ಹಾಗೆ ಕಂಬಿಯ ಸದ್ದಿಗೆ ನಗುವುದನ್ನು ಕಲಿಯುತ್ತಿದ್ದೆ. ಉಳಿದ ಹಣದಲ್ಲಿ ಆಲ್ ಟೆರೇನ್ ಟೈರ್, ಅಡಿಗೆ ಉಕ್ಕಿನ ತಗಡು, ಮುಂದೆ ಹಿಂದೆ ಎಳೆಯಲು ಗಟ್ಟಿ ಕೊಂಡಿಗಳನ್ನು ಹಾಕಿಸಿದೆ. ಕೊಂಡಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ: ಟ್ರೇಲರ್ ಸಿಕ್ಕಿಸುವ ಉಂಡೆಗೆ ಹಗ್ಗ ಕಟ್ಟಿ ಹೂತ ವಾಹನವನ್ನು ಎಳೆಯಬೇಡಿ. ಅದು ಕಿತ್ತು ಬಂದರೆ ತೋಪಿನ ಗುಂಡು; ಜನ ಸತ್ತಿದ್ದಾರೆ.

ಹೊಸ ವಾಹನದ ಮೊದಲ ಪ್ರವಾಸದಲ್ಲೇ ಕೊರಕಲಿನ ಆ ಹಳೆಯ ಜಾಗದಲ್ಲಿ ಹಿಂಗಾಲೆತ್ತಿ ನಿಂತೆ. ಲಾಕ್ ಹಾಕುವ ಮೊದಲೇ ಅವಸರಪಟ್ಟು ಆಕ್ಸಲರೇಟರ್ ಒತ್ತಿದ್ದೆ, ವಾಹನ ಪಕ್ಕಕ್ಕೆ ಜಾರಿ ಮಣ್ಣಿನ ಗೋಡೆಗೆ ಒರಗಿತು. ನಿಧಾನದ ಬಗ್ಗೆ ಅಷ್ಟೆಲ್ಲ ಭಾಷಣ ಬಿಗಿದವನನ್ನು ಗ್ಲಾಡಿಯೇಟರ್‌ನ ಗೆಳೆಯ ಹಗ್ಗ ಕಟ್ಟಿ ಎಳೆದ. ದಾರಿಯುದ್ದಕ್ಕೂ ನಗುತ್ತ ಬಂದ. ಹೊಳೆಯ ದಡದಲ್ಲಿ ಕೋಲೂರಿದೆವು. ಮೇಲೆಲ್ಲೋ ಮಳೆಯಾಗಿರಬೇಕು, 78. ಅವನು ಗೀಟನ್ನೊಮ್ಮೆ, ತನ್ನ ವಾಹನವನ್ನೊಮ್ಮೆ ನೋಡಿದ. ಗ್ಲಾಡಿಯೇಟರನ್ನು ಮರದ ಕೆಳಗೆ ನಿಲ್ಲಿಸಿ ಬೀಗ ಹಾಕಿ, ಹಾಸಿಗೆಯ ಸುರುಳಿಯನ್ನು ಕಂಕುಳಲ್ಲಿ ಹಿಡಿದು ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತ.