ಹಳೇ ಕಾರ್ಬೈನ್ ಹುಚ್ಚು: ಆಟಿಕೆ, ಹದಿನಾರು ಇಂಚು ಮತ್ತೆ ಗೆಳೆಯನ ಕುಳ್ಳ ನಳಿಗೆ

ಕಾರ್ಬೈನ್ (ಗಿಡ್ಡ ನಳಿಗೆಯ ಕೋವಿ) ಅಂದ ಕೂಡಲೇ ನಮ್ಮ ಊರಿನವರಿಗೆ ನೆನಪಾಗುವುದು ಮಂತ್ರಿಗಳ ಬೆಂಗಾವಲು ಪೊಲೀಸರ ಹೆಗಲಲ್ಲಿ ನೇತಾಡುತ್ತಿದ್ದ ಸ್ಟರ್ಲಿಂಗ್. ಅದೇ, ಕಾನ್ಪುರದಲ್ಲಿ ತಯಾರಾಗುತ್ತಿದ್ದದ್ದು, ಮ್ಯಾಗಜಿನ್ ಎಡಕ್ಕೆ ಚುಚ್ಚಿಕೊಂಡಿರುತ್ತದಲ್ಲ, ಅದು. ನನ್ನ ಹುಚ್ಚು ಅದರದ್ದಲ್ಲ. ವಿಯೆಟ್ನಾಂ ಕಾಡಿನಲ್ಲಿ ಅಮೆರಿಕದ ಎಸ್‌ಒಜಿ ಅನ್ನುವ ರಹಸ್ಯ ಕಾರ್ಯಾಚರಣೆ ಪಡೆಯವರು ಹಿಡಿದುಕೊಂಡಿದ್ದ ಎಕ್ಸ್‌ಎಂ177ಇ2ದ್ದು. ಎಂ16 ರೈಫಲ್ಲಿನ ಕುಳ್ಳ ತಮ್ಮ ಅಂದುಕೊಳ್ಳಿ. ನಳಿಗೆ 11.5 ಇಂಚು, ಅದರ ತುದಿಗೆ ಬೆಂಕಿ, ಸದ್ದು ತಗ್ಗಿಸುವ 4.25 ಇಂಚಿನ ಉದ್ದ ಡಬ್ಬ, ಹಿಂದೆ ಹೆಗಲಿಗೆ ಒತ್ತಿಕೊಳ್ಳಲು ಒಳಗೆ ಹೊರಗೆ ಎಳೆಯುವ ಸ್ಟಾಕ್, ಕೆಳಗೆ 20 ಗುಂಡಿನ ನೆಟ್ಟಗಿನ ಮ್ಯಾಗಜಿನ್. ಜನ ಇದನ್ನು ಸುಮ್ನೆ ಸಿಎಆರ್-15 ಅನ್ನುತ್ತಾರೆ.

ಇದೇ ರೂಪವನ್ನು ಮೂರು ದಾರಿಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಎರಡು ನನ್ನವು, ಒಂದು ಗೆಳೆಯನದ್ದು. ಡಾಲಸ್ ಪಕ್ಕದಲ್ಲಿ ನನ್ನ ವಾಸ, ಆದ್ದರಿಂದ ಕಾನೂನಿನ ಮಾತೆಲ್ಲ ಟೆಕ್ಸಾಸ್‌ನದ್ದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಕಡೆಯವರು ತಮ್ಮ ರಾಜ್ಯದ ಕಾನೂನು ಬೇರೆಯೇ ಓದಿಕೊಳ್ಳಬೇಕು. ಭಾರತದಲ್ಲಿರುವವರು ಇದನ್ನು ಕತೆ ಅಂತ ಓದಿ, ಅಷ್ಟೇ.

ಮೊದಲನೆಯದು ಆಟಿಕೆ. ಏರ್‌ಸಾಫ್ಟ್.

ಯಾಕೆ ಆಟಿಕೆಯಿಂದ ಶುರು ಅಂದರೆ ಆಗ ನಾನು ಎಚ್-1ಬಿ ವೀಸಾದಲ್ಲಿದ್ದೆ. ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ, ಆದರೆ ಗೊತ್ತಿರಲೇಬೇಕು: ಇಂಥ ವೀಸಾದಲ್ಲಿ ಬಂದವರು ಇಲ್ಲಿ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್ ಥರದ ಕೆಲವು ವಿನಾಯಿತಿ ಇವೆ, ಆದರೆ ಹವ್ಯಾಸಕ್ಕೋಸ್ಕರ ಅದರ ಅಂಚಿನಲ್ಲಿ ನಡೆಯುವ ಧೈರ್ಯ ನನಗಿರಲಿಲ್ಲ. ಒಂದು ತಪ್ಪಾದರೆ ಗ್ರೀನ್ ಕಾರ್ಡ್ ಹೋಯಿತು. ಹಾಗಾಗಿ ಗ್ಯಾಸಿನ ಒತ್ತಡದಲ್ಲಿ 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡು ಹಾರಿಸುವ, ಗ್ಯಾಸ್ ಬ್ಲೋಬ್ಯಾಕ್ ಅನ್ನುವ ಜಾತಿಯ ಆಟಿಕೆ ಒಂದನ್ನು ಕೊಂಡೆ, ಆಮೇಲೆ ಎರಡು ವರ್ಷ ಅದಕ್ಕೆ ಬಿಡಿ ಭಾಗ ಹುಡುಕುತ್ತಾ ಕೂತೆ. ಒಟ್ಟು ಖರ್ಚು ಸುಮಾರು 600 ಡಾಲರ್.

ಸತ್ಯ ಹೇಳ್ತೀನಿ, ನೋಡೋಕೆ ಮೂರರಲ್ಲಿ ಇದೇ ಚೆನ್ನ. ನಳಿಗೆ ಸರಿಯಾದ ಉದ್ದ. ಡಬ್ಬ ಸರಿಯಾದ ಉದ್ದ. ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟ್ ಹಿಂದೆ ಮುಂದೆ ಓಡುತ್ತದೆ, ಎರಡು ಪಿನ್ ತಳ್ಳಿದರೆ ಅಸಲಿಯಂತೆಯೇ ಮೇಲ್ಭಾಗ ಬೇರೆ ಕೆಳಭಾಗ ಬೇರೆ ಆಗುತ್ತದೆ. ಸೆಲೆಕ್ಟರ್ ಗುಂಡಿಯಲ್ಲಿ ಬಂದ್, ಒಂದೊಂದೇ ಈಡು, ಆಟೋ ಅಂತ ಮೂರು ಗುರುತೂ ಇವೆ. ಆಟಿಕೆಯಾದ್ದರಿಂದ ನಳಿಗೆಯ ಉದ್ದಕ್ಕೆ ಟೇಪ್ ಹಿಡಿದು ಕೇಳುವವರು ಯಾರೂ ಇಲ್ಲ, ಹಳೇ ಫೋಟೋ ಪಕ್ಕದಲ್ಲಿಟ್ಟುಕೊಂಡು ಹಾಗೇ ಮಾಡಬಹುದು. ಒಂದೇ ತಕರಾರು ತುದಿಯ ಕಿತ್ತಳೆ ಬಣ್ಣ. ಅಸಲಿ ಅಲ್ಲ ಅಂತ ದೂರದಿಂದಲೇ ತಿಳಿಯಲಿ ಅಂತ ಇಲ್ಲಿ ಅದು ಇರಬೇಕು, ನಾನೂ ತೆಗೆಯಲಿಲ್ಲ. ತೆಗೆಯಲೂ ಬಾರದು, ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿದರೆ ಬರುವವರಿಗೆ ಆಟಿಕೆಯೋ ಅಸಲಿಯೋ ಹೇಗೆ ಗೊತ್ತಾಗಬೇಕು? ಆಯುಧ ಪೂಜೆಯ ದಿನ ಮಗಳು ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದು, "ಅಪ್ಪಾ, ಇದಕ್ಕೆ ಆಗಲೇ ಹಚ್ಚಿದೀಯಲ್ಲ" ಅಂದಿದ್ದಳು.

ತೊಂದರೆ ಏನು ಅಂದರೆ ಗ್ಯಾಸ್. ಚಳಿ ಬಂತೋ, ಮುಗೀತು. ಡಿಸೆಂಬರ್‌ನಲ್ಲಿ ಹೊರಗೆ ಹೋದರೆ ಹತ್ತು ಸಲ ಒತ್ತುವಷ್ಟರಲ್ಲಿ ಮ್ಯಾಗಜಿನ್ ತಣ್ಣಗಾಗಿ ಬೋಲ್ಟ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಪರವಾಗಿಲ್ಲ, ಟೆಕ್ಸಾಸ್‌ನಲ್ಲಿ ಬೇಸಿಗೆಗೆ ಬರವೇನಿಲ್ಲ. ಮತ್ತೆ ಅದರ ಮೈಮೇಲಿನ ಬಣ್ಣ ಕಪ್ಪು. ಆ ಕಾಲದ ಅಸಲಿ ರಿಸೀವರ್‌ಗಳು, ಅಂದರೆ ಕೋವಿಯ ನಡುವಿನ ಲೋಹದ ಮೈ, ಬೂದು, ಮಳೆಗಾಲದ ಮೋಡದ ಥರ ಬೂದು. ಕಪ್ಪು ಬಂದದ್ದು ಆಮೇಲೆ. ಆಟಿಕೆಯನ್ನು ಮತ್ತೆ ಬೂದು ಮಾಡುವ ಗೋಜಿಗೆ ನಾನು ಹೋಗಲಿಲ್ಲ.

ಗ್ರೀನ್ ಕಾರ್ಡ್ ಬಂದ ಮೇಲೆ ಎರಡನೆಯದು. ಅಸಲಿ, ಆದರೆ ಉದ್ದ ನಳಿಗೆಯದ್ದು.

ಇಲ್ಲಿನ ಕಾನೂನು ಲೆಕ್ಕ ಹೀಗೆ. 1934ರ ಒಂದು ಕಾಯ್ದೆ ಪ್ರಕಾರ ರೈಫಲ್ ನಳಿಗೆ 16 ಇಂಚಿಗಿಂತ ಕಡಿಮೆ ಇದ್ದರೆ ಅದು ಬೇರೆಯೇ ಜಾತಿ, ಸರ್ಕಾರದಲ್ಲಿ ನೋಂದಾಯಿಸಬೇಕು. 16 ಇದ್ದರೆ ಸಾಮಾನ್ಯ ರೈಫಲ್, ಲೈಸೆನ್ಸ್ ಇರುವ ಅಂಗಡಿಯಲ್ಲಿ ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ತರಬಹುದು. ನಾನು ಅದನ್ನೇ ಮಾಡಿದೆ. ಅಂಗಡಿಯಿಂದ ಇಡೀ ರೈಫಲ್ಲನ್ನೇ ಕೊಂಡು, ಸ್ಟಾಕ್, ಹ್ಯಾಂಡ್‌ಗಾರ್ಡ್ (ನಳಿಗೆ ಬಿಸಿ ಕೈಗೆ ತಾಗದಂತೆ ಸುತ್ತುವ ಕವಚ), ಹಿಡಿ ಮಾತ್ರ ಹಳೇ ಮಾದರಿಯವು ಹಾಕಿಕೊಂಡೆ. ಒಂದು ಒತ್ತಿಗೆ ಎರಡು ಗುಂಡು ಅನ್ನುವ ಮಾತೇ ಇಲ್ಲ, ಒಂದೇ ಈಡು. ಆಟೋ, ಅಂದರೆ ಒತ್ತಿ ಹಿಡಿದರೆ ಸುರಿಯುತ್ತಲೇ ಇರುವುದು ಬೇಕು ಅನ್ನುವವರು ದಯವಿಟ್ಟು ಆಟಿಕೆಗೆ ಹೋಗಿ. 1986ರ ನಂತರ ತಯಾರಾದ ಮಷಿನ್ ಗನ್ ಜನಸಾಮಾನ್ಯರಿಗಿಲ್ಲ, ಆ ದಿಕ್ಕಿಗೆ ತಲೆ ಹಾಕಿದರೆ ನೇರ ಜೈಲು.

ಈ ಹಳೇ ಮಾದರಿ ಹುಚ್ಚರ ಲೋಕ ಎಂಥದ್ದು ಅಂತ ಒಂದು ಉದಾಹರಣೆ ಕೊಡ್ತೀನಿ. ಮ್ಯಾಗಜಿನ್ ಬಿಡಿಸುವ ಬಟನ್ ಸುತ್ತ ಲೋಹದ ಒಂದು ಸಣ್ಣ ಏರಿ ಇರುತ್ತದೆ, ಬಟನ್ ತಪ್ಪಿ ಒತ್ತಬಾರದು ಅಂತ. ಇದಕ್ಕೆ ಇವರು ಬೇಲಿ ಅನ್ನುತ್ತಾರೆ. ಬೇಲಿ ಇಲ್ಲದ್ದು ತೀರಾ ಮೊದಲಿನದ್ದು, ಆಮೇಲೆ ಅರ್ಧ ಬೇಲಿ, ಆಮೇಲೆ ಪೂರ್ತಿ ಬೇಲಿ. ನಿಮ್ಮ ಕಾರ್ಬೈನ್‌ಗೆ ತಪ್ಪು ಬೇಲಿ ಇದ್ದರೆ ಗುರುತು ಪರಿಚಯ ಇಲ್ಲದವರೂ ಬಂದು ಹೇಳಿ ಹೋಗುತ್ತಾರೆ. ತೀರ್ಥಹಳ್ಳಿ ಕಡೆ ನಮ್ಮ ತೋಟದ ಬೇಲಿ ಜಗಳ ಮೂರು ತಲೆಮಾರು ನಡೆದದ್ದು ಕಂಡವನು ನಾನು, ಆದರೂ ಇದು ನೋಡಿ ಸುಸ್ತಾದೆ.

ಹದಿನಾರು ಇಂಚಿನದ್ದು ಹೊಡೆಯೋಕೆ ಸುಖ. ತೆಳು ನಳಿಗೆ, ಅವರು ಪೆನ್ಸಿಲ್ ಬ್ಯಾರೆಲ್ ಅನ್ನುತ್ತಾರೆ, ಅದರಿಂದ ಮುಂಭಾಗ ಭಾರ ಎಳೆಯುವುದಿಲ್ಲ. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ತಕ್ಕಡಿಗೆ ನೇತುಹಾಕಿದೆ, ಖಾಲಿ 2.7 ಕಿಲೋ ತೋರಿಸಿತು. ನೂರು ಗಜಕ್ಕೆ ಬರೀ ಕಬ್ಬಿಣದ ಗುರಿಕಾಯಿಯಲ್ಲೇ, ದುರ್ಬೀನು ಇಲ್ಲದೆ, ಐದು ಗುಂಡು ನನ್ನ ಅಂಗೈ ಅಗಲದೊಳಗೆ ಬೀಳುತ್ತವೆ. ನನ್ನ ಕಣ್ಣಿಗೆ ಅಷ್ಟು ಸಾಕು. ಹಳೇ ಗುರಿಕಾಯಿಯ ಒಂದು ತಮಾಷೆ ಅಂದರೆ, ಅದನ್ನು ಆಚೀಚೆ ತಿರುಗಿಸಬೇಕಾದರೆ ಕೈಯಲ್ಲಿ ಆಗುವುದಿಲ್ಲ, ತೋಟಾದ ಚೂಪು ತುದಿಯನ್ನು ಸಣ್ಣ ಗುಳಿಗೆ ಚುಚ್ಚಿ ತಿರುಗಿಸಬೇಕು. ಸೈನಿಕನ ಹತ್ತಿರ ಸ್ಕ್ರೂಡ್ರೈವರ್ ಇರುತ್ತದೋ ಇಲ್ಲವೋ, ತೋಟಾ ಇದ್ದೇ ಇರುತ್ತದಲ್ಲ.

ನಾನು ಪಾಠ ಕಲಿತದ್ದು ನಳಿಗೆಯ ಒಳಸುತ್ತಿನಿಂದ, ಅಂದರೆ ಗುಂಡನ್ನು ತಿರುಗಿಸಿ ನೆಟ್ಟಗೆ ಹಾರಿಸಲು ಒಳಗೆ ಕೊರೆದ ಸುರುಳಿ ಗೆರೆಯಿಂದ. ಆಗಿನ ಕಾಲದಂತೆ ಇರಲಿ ಅಂತ 12 ಇಂಚಿಗೆ ಒಂದು ಸುತ್ತಿನ ನಳಿಗೆ ಇದ್ದದ್ದನ್ನೇ ಹುಡುಕಿ ಕೊಂಡಿದ್ದೆ. 55 ಗ್ರೇನಿನ (ಗುಂಡು ತೂಗುವ ಅಳತೆ ಅದು) ಹಗುರ ಗುಂಡಿಗೆ ಅದು ಸರಿ, ವಿಯೆಟ್ನಾಂನಲ್ಲಿ ಹೊಡೆದದ್ದೂ ಅದನ್ನೇ. ಪರಿಚಯದವರ ರ‍್ಯಾಂಚ್‌ಗೆ ಹೋದ ದಿನ ಹಸಿರು ತುದಿಯ 62 ಗ್ರೇನಿನದ್ದು ಅಗ್ಗಕ್ಕೆ ಸಿಕ್ಕಿದೆ ಅಂತ ಎರಡು ಪೆಟ್ಟಿಗೆ ತಂದಿದ್ದೆ. ಕಾಗದದ ಮೇಲೆ ನೋಡಿದರೆ ತೂತುಗಳು ಗುಂಡಗಿಲ್ಲ, ಅಡ್ಡಡ್ಡ, ಕೀಲಿ ತೂತಿನ ಹಾಗೆ! ಉದ್ದದ ಗುಂಡಿಗೆ ಅಷ್ಟು ನಿಧಾನ ಸುತ್ತು ಸಾಲದು, ಗಾಳಿಯಲ್ಲಿ ಓಲಾಡಿಕೊಂಡು ಪಲ್ಟಿ ಹೊಡೆಯುತ್ತದೆ. ಇವತ್ತಿನ ಸೈನ್ಯದ ನಳಿಗೆಗಳು 7 ಇಂಚಿಗೆ ಒಂದು ಸುತ್ತು ಇರುವುದು ಇದಕ್ಕೇ. ನೀವು ಬರೀ ರೂಪಕ್ಕೆ ಮಾಡುವವರಾದರೆ ಹೊಸ ಸುತ್ತಿನ ನಳಿಗೆ ತಗೊಳ್ಳಿ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಆ ಬೇಲಿ ಜನಕ್ಕೂ.

ರೂಪದ ವಿಷಯಕ್ಕೆ ಬಂದರೆ ಮಾತ್ರ ಇದು ಸೋಲುತ್ತದೆ. ಹ್ಯಾಂಡ್‌ಗಾರ್ಡ್ ಮುಗಿದ ಮೇಲೂ ನಳಿಗೆ ಇನ್ನೂ ಇದೆ, ಇನ್ನೂ ಇದೆ, ಕೊಕ್ಕರೆ ಕೊಕ್ಕಿನ ಹಾಗೆ. ಇದಕ್ಕೆ ಮಧ್ಯದ ದಾರಿ ಒಂದಿದೆ, ನಳಿಗೆಯನ್ನೇ ಗಿಡ್ಡ ಮಾಡಿ ತುದಿಯ ಡಬ್ಬವನ್ನು ಬಿಚ್ಚಲಾಗದಂತೆ ಬೆಸುಗೆ ಹಾಕಿ ಎರಡೂ ಸೇರಿ 16 ಇಂಚು ದಾಟಿಸುವುದು. ಅಂಥವು ಅಂಗಡಿಯಲ್ಲೇ ತಯಾರಾಗಿ ಸಿಗುತ್ತವೆ. ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ, ದೂರದಿಂದ ಚೆನ್ನಾಗಿದೆ, ಆದರೆ ಡಬ್ಬ ತೀರಾ ಉದ್ದವಾಗಿ ಫೋಟೋದ ಅಳತೆ ತಪ್ಪುತ್ತದೆ. ನನಗೆ ಹಿಡಿಸಲಿಲ್ಲ.

ಇದರ ಖರ್ಚು 1,200 ಡಾಲರ್ ಹತ್ತಿರ ಆಯಿತು. ಅದರಲ್ಲಿ ದಂಡ ಆದದ್ದು ಒಂದು ಹ್ಯಾಂಡ್‌ಗಾರ್ಡ್. ವಿಯೆಟ್ನಾಂ ಕಾಲದ್ದೇ ಅಂತ ಒಬ್ಬ ಮಾರಾಟಗಾರ ಆಣೆ ಮಾಡಿ ಹೇಳಿದ. ಬಂದ ಮೇಲೆ ಒಳಗೆ ನೋಡಿದರೆ ಶಾಖ ತಡೆಯುವ ತಗಡು ಎರಡು ಪದರ. ಆಗಿನದ್ದಕ್ಕೆ ಒಂದೇ ಪದರ, ತೆಳ್ಳಗೆ ದುಂಡಗೆ ಇರುತ್ತದೆ. ಇದು ಎಂ4 ಕಾಲದ, ಅಂದರೆ ಅಮೆರಿಕ ಸೈನ್ಯದ ಆಮೇಲಿನ ಕಾರ್ಬೈನ್ ಕಾಲದ ದಪ್ಪ ಸರಕು. ವಾಪಸ್ ತಗೊಳ್ಳಲಿಲ್ಲ.

ಅಪ್ಪಯ್ಯನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. ಅವರ ಪ್ರಪಂಚದಲ್ಲಿ ಕೋವಿ ಅಂದರೆ ಅಜ್ಜನ ಕಾಲದ ಕೇಪಿನ ಕೋವಿ, ಬೆಳೆ ಕಾಯಲು ಲೈಸೆನ್ಸ್ ಪಡೆದದ್ದು, ಚುನಾವಣೆ ಬಂದಾಗಲೆಲ್ಲ ಹೆಗಲಿಗೆ ಹಾಕಿಕೊಂಡು ಹೋಗಿ ಠಾಣೆಯಲ್ಲಿ ಠೇವಣಿ ಇಟ್ಟು ಬರಬೇಕಾದದ್ದು. ಒಂದೇ ಪ್ರಶ್ನೆ ಕೇಳಿದರು: "ಇದ್ರಲ್ಲಿ ಹಂದಿ ಬೀಳ್ತದಾ ಮಾರಾಯ?" ಟೆಕ್ಸಾಸ್‌ನಲ್ಲೂ ಕಾಡುಹಂದಿ ಕಾಟ ವಿಪರೀತ, ರೈತರೇ ಕರೆದು ಹೊಡೆಸುತ್ತಾರೆ ಅಂದೆ. ಆಗ ಸ್ವಲ್ಪ ಗೌರವ ಬಂತು.

ಮೂರನೆಯದು ಗೆಳೆಯನ ಕುಳ್ಳ ನಳಿಗೆ. ಹಾಸನದವನು, ಈಗ ಇಲ್ಲಿನ ಪ್ರಜೆ. 11.5 ಇಂಚಿನದ್ದನ್ನೇ ಕ್ರಮವಾಗಿ ನೋಂದಾಯಿಸಿ ಇಟ್ಟುಕೊಂಡಿದ್ದಾನೆ. ಬೆರಳಚ್ಚು, ಫೋಟೋ, ಅನುಮತಿಗೆ ಕಾಯುವುದು, 200 ಡಾಲರ್ ತೆರಿಗೆ, ಎಲ್ಲ ಆಗಿದೆ. ಆ 200 ಡಾಲರ್ 1934ರಿಂದ ಒಂದು ಪೈಸೆ ಏರಿರಲಿಲ್ಲ, 2026ರ ಜನವರಿ 1ರಿಂದ ಇಂಥವಕ್ಕೆ ಸೊನ್ನೆಯಾಗಿದೆ. ಅವನು ಕಟ್ಟಿದ್ದು ಅದಕ್ಕೂ ಮೊದಲು, ಈ ಸುದ್ದಿ ತೆಗೆದರೆ ಮುಖ ಸಿಂಡರಿಸುತ್ತಾನೆ. ತೆರಿಗೆ ಹೋದರೂ ನೋಂದಣಿ ಹೋಗಿಲ್ಲ, ಅದು ನೆನಪಿರಲಿ.

ಹೆಗಲಿಗೆ ಏರಿಸಿದ ಕೂಡಲೇ ಗೊತ್ತಾಗುತ್ತದೆ, ಅಳತೆ ಅಂದರೆ ಇದು. ಸ್ಟಾಕ್ ಒಳಗೆ ತಳ್ಳಿದರೆ ಇಡೀ ಕೋವಿ ಸುಮಾರು 30 ಇಂಚು. ಜೀಪಿನಲ್ಲಿ, ಹೆಲಿಕಾಪ್ಟರಿನಲ್ಲಿ ಕೂತು ಹೋಗುವವನಿಗೆ ಇದನ್ನು ಯಾಕೆ ಮಾಡಿದರು ಅಂತ ಕೈಗೇ ಅರ್ಥವಾಗುತ್ತದೆ. ಸ್ಟಾಕ್ ಕೂಡ ಆಗಿನ ಥರದ್ದೇ, ಅಲ್ಯುಮಿನಿಯಂ ಮೇಲೆ ಪ್ಲಾಸ್ಟಿಕ್ ಲೇಪ, ಒಳಗೆ ಅಥವಾ ಹೊರಗೆ ಎರಡೇ ಸ್ಥಾನ. 1970ರ ನವೆಂಬರ್ 21ರಂದು ಹನೋಯ್ ಹತ್ತಿರದ ಸೋನ್ ತೇ ಕೈದಿಗಳ ಶಿಬಿರದ ಮೇಲೆ ಅಮೆರಿಕದವರು ರಾತ್ರಿ ದಾಳಿ ಮಾಡಿದರಲ್ಲ, ಆಗ ಇದೇ ಕುಟುಂಬದ ಕಾರ್ಬೈನ್‌ಗಳ ಮೇಲೆ ಸಿಂಗಲ್‌ಪಾಯಿಂಟ್ ಅನ್ನುವ ಕೆಂಪು ಚುಕ್ಕೆಯ ಗುರಿಕಾಯಿ ಕಟ್ಟಿಕೊಂಡು ಹೋಗಿದ್ದರು. ಹೋಗಿ ನೋಡಿದರೆ ಕೈದಿಗಳನ್ನು ಮೊದಲೇ ಬೇರೆ ಕಡೆ ಸಾಗಿಸಿಬಿಟ್ಟಿದ್ದರು. ಗೆಳೆಯ ಅದರ ಒಂದು ನಕಲು ಗುರಿಕಾಯಿ ಹಾಕಿಕೊಂಡಿದ್ದಾನೆ. ಅದರೊಳಗೆ ಇಣುಕಿದರೆ ಚುಕ್ಕೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಎರಡೂ ಕಣ್ಣು ತೆರೆದಿಟ್ಟರೆ ಒಂದು ಕಣ್ಣಿನ ಚುಕ್ಕೆಯನ್ನು ಇನ್ನೊಂದು ಕಣ್ಣಿನ ನೋಟದ ಮೇಲೆ ಮಿದುಳೇ ತಂದು ಕೂರಿಸುತ್ತದೆ. ನನಗೆ ಅಭ್ಯಾಸ ಆಗಲು ಅರ್ಧ ಗಂಟೆ ಬೇಕಾಯಿತು.

ಆದರೆ ಸದ್ದು! ಅಪ್ಪಾ. ಗುಂಡು ಹೊಡೆಯುವ ರೇಂಜಿನ ಸೂರಿನ ಕೆಳಗೆ ಹೊಡೆದರೆ ಪಕ್ಕದ ಸಾಲಿನವರು ಎದ್ದು ಹೋಗುತ್ತಾರೆ. ನಳಿಗೆ ಗಿಡ್ಡವಾದಷ್ಟೂ ಮದ್ದು ಹೊರಗೆ ಬಂದೇ ಉರಿಯುತ್ತದೆ, ಬೆಂಕಿ, ಗದ್ದಲ ಎರಡೂ ಜಾಸ್ತಿ, ಗುಂಡಿನ ವೇಗ ಕಡಿಮೆ. ಆಗಿನ ಅಸಲಿ ಡಬ್ಬ ಬರೀ ಶೋಕಿಗೆ ಇದ್ದದ್ದಲ್ಲ, ಸದ್ದನ್ನು ಒಂದಷ್ಟು ತಗ್ಗಿಸುತ್ತಿತ್ತು. ಆ ಕಾರಣಕ್ಕೇ ಇಲ್ಲಿನ ಕಾನೂನು ಅಸಲಿ ಡಬ್ಬವನ್ನು ಸೈಲೆನ್ಸರ್ ಅಂತ ಲೆಕ್ಕ ಹಾಕುತ್ತದೆ, ಅದಕ್ಕೆ ಇನ್ನೊಂದು ನೋಂದಣಿ. ಈಗ ಸಿಗುವ ನಕಲು ಹೊರಗಿನಿಂದ ಅದೇ, ಒಳಗೆ ಖಾಲಿ. ಅಂದರೆ ರೂಪ ಉಳಿಯಿತು, ಕೆಲಸ ಹೋಯಿತು.

ಮತ್ತೆ ಅದರ ಉಸಾಬರಿ. ಬೇರೆ ರಾಜ್ಯಕ್ಕೆ ಒಯ್ಯಬೇಕಾದರೆ ಮೊದಲೇ ಅನುಮತಿ. ನನಗೆ ಒಂದು ವಾರ ಕೊಟ್ಟಿರು ಅನ್ನುವ ಹಾಗಿಲ್ಲ, ಅವನು ಪಕ್ಕದಲ್ಲೇ ಇರಬೇಕು. "ಗುರೂ, ಇದರಲ್ಲಿ ಫಾರ್ಮ್ ತುಂಬೋದು ಜಾಸ್ತಿ, ಹೊಡೆಯೋದು ಕಮ್ಮಿ" ಅಂತ ಅವನೇ ಹೇಳುತ್ತಾನೆ. ಹೇಳಿ ಮತ್ತೆ ಒರೆಸಿ ಎಣ್ಣೆ ಹಾಕುತ್ತಾನೆ.

ಹಾಗಾದರೆ ಯಾವುದು ಅಂತ ಕೇಳಿದರೆ, ಕೈಗೆ ಗೆಳೆಯನದ್ದೇ ಸರಿ ಅನ್ನಿಸಿದರೂ ನಾನು ಅದರ ದಾರಿಗೆ ಹೋಗುವುದಿಲ್ಲ. ಹೊಡೆಯುವ ಆಸೆ ಇದ್ದರೆ 16 ಇಂಚು, ಕೊಕ್ಕರೆ ಕೊಕ್ಕು ಸಹಿಸಿಕೊಳ್ಳಿ. ಫೋಟೋದಲ್ಲಿ ಕಂಡದ್ದು ಕಪಾಟಿನಲ್ಲಿ ಬೇಕು ಅನ್ನುವವರಿಗೆ ಆಟಿಕೆ ಸಾಕು, ಅರ್ಧ ದುಡ್ಡು ಉಳಿಯುತ್ತದೆ. ವೀಸಾದಲ್ಲಿ ಇರುವವರಿಗಂತೂ ಆಟಿಕೆ ಬಿಟ್ಟು ಬೇರೆ ಮಾತೇ ಬೇಡ. ನನ್ನ ಮನೆಯಲ್ಲಿ ಈಗ ಅಸಲಿ ಸೇಫಿನಲ್ಲಿ ಬೀಗ ಹಾಕಿಕೊಂಡಿದೆ, ಆಟಿಕೆ ನನ್ನ ಮೇಜಿನ ಹಿಂದಿನ ಗೋಡೆಯಲ್ಲಿದೆ. ದಿನಾ ನೋಡುವುದು ಆಟಿಕೆಯನ್ನೇ.

ಆ ಎರಡು ಪದರದ ಹ್ಯಾಂಡ್‌ಗಾರ್ಡ್ ಇನ್ನೂ ಗ್ಯಾರೇಜಿನಲ್ಲಿ ಬಿದ್ದಿದೆ. ಟೆಕ್ಸಾಸ್‌ನಲ್ಲಿ ಯಾರಾದರೂ ಎಂ4 ಥರದ್ದು ಕಟ್ಟುತ್ತಿದ್ದರೆ ಹೇಳಿ, ಅಂಚೆ ಖರ್ಚು ಕೊಟ್ಟರೆ ಸಾಕು.