ಹತ್ತು ವರ್ಷದ ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ

ಮಂಡ್ಯ ಕಡೆಯ ಒಂದು ಕುಟುಂಬ ಜಪಾನ್ ಪ್ರವಾಸಕ್ಕೆ ಹೋಗಿತ್ತು. ಕಾರು ಬಾಡಿಗೆಗೆ ಹಿಡಿದು ಸುತ್ತುವುದು ಅಂತಲೇ ಹೋಟೆಲುಗಳನ್ನೆಲ್ಲ ಊರಾಚೆ ಬುಕ್ ಮಾಡಿದ್ದರು. ಕಾರು ಕೊಡುವ ಕೌಂಟರಿನಲ್ಲಿ ಮಗ ಮುಂದಿಟ್ಟದ್ದು ಆನ್‌ಲೈನಿನಲ್ಲಿ ತರಿಸಿಕೊಂಡ ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಎಂಬ ಪ್ಲಾಸ್ಟಿಕ್ ಕಾರ್ಡು, ಜತೆಗೊಂದು ಕಿರುಪುಸ್ತಕ. ಹೊಲೊಗ್ರಾಂ ಇತ್ತು, ಭೂಗೋಳದ ಚಿತ್ರ ಇತ್ತು, 1949ರ ಒಪ್ಪಂದ ಅಂತ ಅಚ್ಚೂ ಆಗಿತ್ತು. ಕೌಂಟರಿನವರು ಅದ್ಯಾವುದನ್ನೂ ನೋಡಲಿಲ್ಲ. ಪುಸ್ತಕ ತಿರುಗಿಸಿ, ಕೊಟ್ಟವರು ಯಾರು ಎಂಬ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ಸರ್ಕಾರಿ ಕಚೇರಿಯ ಹೆಸರಿಲ್ಲ, ಮೊಹರಿಲ್ಲ. ಯಾವುದೋ ಖಾಸಗಿ ಸಂಸ್ಥೆಯ ಹೆಸರು. ಕಾರು ಕೊಡಲಿಲ್ಲ, ಬುಕಿಂಗ್ ಹಣವೂ ವಾಪಸ್ ಬರಲಿಲ್ಲ.

ಕಾರು ಸಿಗದೇ ಇದ್ದದ್ದೇ ಒಳ್ಳೆಯದಾಯಿತು ಅನ್ನಬೇಕು. ಜಪಾನಿನಲ್ಲಿ ಮಾನ್ಯತೆಯಿಲ್ಲದ ಪರ್ಮಿಟ್ ಹಿಡಿದು ಗಾಡಿ ಓಡಿಸಿದರೆ ಲೈಸೆನ್ಸೇ ಇಲ್ಲದೆ ಓಡಿಸಿದ ಲೆಕ್ಕ. ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷ ಯೆನ್‌ವರೆಗೆ ದಂಡ. ಅಪಘಾತವಾದರೆ ವಿಮೆಯವರೂ ಕೈ ಎತ್ತುತ್ತಾರೆ.

ಇಂಥ ಕಾರ್ಡನ್ನು ಗುರುತಿಸುವುದು ಕಷ್ಟವಲ್ಲ. ಅವಧಿ ನೋಡಿ, ಸಾಕು. ಹೊರದೇಶದಲ್ಲಿ ಗಾಡಿ ಓಡಿಸಲು ನಮ್ಮ ಲೈಸೆನ್ಸಿನ ಜತೆಗೆ ತೋರಿಸುವ ಸರ್ಕಾರಿ ಪುಸ್ತಕವೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ. ನಮ್ಮ ದೇಶದ್ದು ರಸ್ತೆ ಸಂಚಾರದ ಬಗೆಗಿನ 1949ರ ಜಿನೀವಾ ಒಪ್ಪಂದದಂತೆ ಕೊಡುವಂಥದ್ದು. ಅದರ ಆಯಸ್ಸು ಒಂದೇ ವರ್ಷ. 1968ರ ವಿಯೆನ್ನಾ ಒಪ್ಪಂದದಂತೆ ಕೊಡುವ ದೇಶಗಳಲ್ಲೂ ಮೂರು ವರ್ಷ ದಾಟುವಂತಿಲ್ಲ. ಐದು, ಹತ್ತು, ಇಪ್ಪತ್ತು ವರ್ಷದ ಐಡಿಪಿ ಅನ್ನುವುದು ಜಗತ್ತಿನಲ್ಲೇ ಇಲ್ಲ. ‘ಎರಡು ಗಂಟೆಯಲ್ಲಿ ಪಿಡಿಎಫ್, ವಾರದಲ್ಲಿ ಕಾರ್ಡು ಮನೆಗೆ’ ಅನ್ನುವ ಜಾಹೀರಾತು ಕಂಡರೆ ಅಲ್ಲೇ ಮುಚ್ಚಿ. ಇಂಥ ಸೈಟುಗಳ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಇದು ಸರ್ಕಾರಿ ದಾಖಲೆಯಲ್ಲ, ನಿಮ್ಮ ಲೈಸೆನ್ಸಿನ ಅನುವಾದ ಮಾತ್ರ’ ಅಂತ ಬರೆದಿರುತ್ತಾರೆ. ಕೇಸು ಹಾಕಿದರೆ ತಪ್ಪಿಸಿಕೊಳ್ಳಲು ಅದೊಂದು ಸಾಲು.

ನಮ್ಮಲ್ಲಿ ಇದನ್ನು ಮಾಡಿಸಬೇಕಾದ್ದು ಆರ್‌ಟಿಒದಲ್ಲಿ. ಮೈಸೂರು ಪಶ್ಚಿಮದವರಿಗೆ ಕೆಎ-09, ಪೂರ್ವದವರಿಗೆ ಕೆಎ-55, ಮಂಡ್ಯದವರಿಗೆ ಕೆಎ-11. ಸರ್ಕಾರಿ ಶುಲ್ಕ 1000 ರೂಪಾಯಿ. ಪಟ್ಟಿಯಲ್ಲಿಲ್ಲದ ‘ಎಕ್ಸ್‌ಪ್ರೆಸ್ ಚಾರ್ಜ್’, ‘ವೆರಿಫಿಕೇಷನ್ ಚಾರ್ಜ್’ ಅಂತ ಏಜೆಂಟರು ಕೇಳುವುದೆಲ್ಲ ಅವರ ಜೇಬಿಗೆ. ಅಷ್ಟಕ್ಕೂ ಏಜೆಂಟರು ಬೇಕಾಗುವ ಕೆಲಸವೂ ಇದಲ್ಲ.

ಲೈಸೆನ್ಸ್ ಕೆಲಸಗಳ ಸರ್ಕಾರಿ ವೆಬ್‌ಸೈಟಾದ ಸಾರಥಿ ಪೋರ್ಟಲ್ ತೆರೆಯಿರಿ. ವಿಳಾಸದ ಕೊನೆ ‘ಡಾಟ್ ಗವ್ ಡಾಟ್ ಇನ್’ ಅಂತಲೇ ಇರಬೇಕು. ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತು ಲಿಂಕು ಒತ್ತಬೇಡಿ. ಕರ್ನಾಟಕ ಆರಿಸಿ, ಡಿಎಲ್ ಸೇವೆಗಳಿಗೆ ಹೋಗಿ, ಲೈಸೆನ್ಸ್ ನಂಬರು ಮತ್ತು ಹುಟ್ಟಿದ ತಾರೀಖು ಹಾಕಿದರೆ ನಿಮ್ಮ ವಿವರ ಬರುತ್ತದೆ. ಅಲ್ಲಿ ಐಡಿಪಿ ಸೇವೆಗೆ ಟಿಕ್ ಹಾಕಿ ನಮೂನೆ 4-ಎ ತುಂಬಿ, ಲೈಸೆನ್ಸ್, ಪಾಸ್‌ಪೋರ್ಟ್, ಇದ್ದರೆ ವೀಸಾ ಮತ್ತು ಟಿಕೆಟ್ ಅಪ್‌ಲೋಡ್ ಮಾಡಿ. ಹಣ ಕಟ್ಟಿ, ಸ್ಲಾಟ್ ಕೇಳಿದರೆ ಹಿಡಿದು, ಪ್ರಿಂಟ್ ತೆಗೆದುಕೊಂಡು, ಅಸಲು ದಾಖಲೆಗಳೊಂದಿಗೆ ಕಚೇರಿಗೆ ಹೋಗಿ. ಪಾಸ್‌ಪೋರ್ಟ್ ಅಳತೆಯ ಫೋಟೊ ನಾಲ್ಕು ಜೇಬಿನಲ್ಲಿರಲಿ. ಮೆಡಿಕಲ್ ಸರ್ಟಿಫಿಕೇಟ್ ಮತ್ತು ವೀಸಾದ ಷರತ್ತನ್ನು ಕೇಂದ್ರ ಸಾರಿಗೆ ಸಚಿವಾಲಯ 2021ರ ಜನವರಿಯ ಅಧಿಸೂಚನೆಯಲ್ಲೇ ತೆಗೆದಿದೆ. ಆದರೂ ಅಪ್‌ಲೋಡ್ ಪಟ್ಟಿಯಲ್ಲಿ ನಮೂನೆ 1-ಎ, ಅಂದರೆ ಮೆಡಿಕಲ್ ಸರ್ಟಿಫಿಕೇಟ್ ಕೇಳಿದ್ದರೆ ಕೌಂಟರಿನಲ್ಲಿ ವಾದಕ್ಕೆ ನಿಲ್ಲುವುದಕ್ಕಿಂತ ಡಾಕ್ಟರ ಸಹಿ ಹಾಕಿಸಿಕೊಂಡು ಹೋಗುವುದೇ ವಾಸಿ.

ಕೇಳುವುದಕ್ಕೆ ಇಷ್ಟೇ. ಆದರೆ ನಮ್ಮ ಕಡೆಯವರ ಅರ್ಜಿ ಸಿಕ್ಕಿಕೊಳ್ಳುವುದು ಇದಕ್ಕೂ ಮುಂಚೆಯೇ.

ಮೊದಲನೆಯದು ಇನಿಷಿಯಲ್ಲು. ಲೈಸೆನ್ಸಿನಲ್ಲಿ ಹೆಸರಿನ ಮುಂದೆ ‘ಎಂ.ಎಸ್.’ ಅಂತ ಎರಡೇ ಅಕ್ಷರ. ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎರಡೂ ಸರ್‌ನೇಮ್ ಜಾಗದಲ್ಲಿ ಕೂತಿರುತ್ತವೆ. ಊರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಹೊರದೇಶದ ಕೌಂಟರಿನವರಿಗೆ ಪಾಸ್‌ಪೋರ್ಟ್, ಐಡಿಪಿ, ಲೈಸೆನ್ಸ್ ಮೂರರಲ್ಲೂ ಒಬ್ಬರೇ ಕಾಣಬೇಕು. ವ್ಯತ್ಯಾಸ ದೊಡ್ಡದಿದ್ದರೆ ಮೊದಲು ಲೈಸೆನ್ಸಿನಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಿ, ಹೊಸ ಕಾರ್ಡು ಬಂದ ಮೇಲೆ ಐಡಿಪಿಗೆ ಹೋಗಿ. ಇದಕ್ಕೇ ವಾರಗಟ್ಟಲೆ ಹಿಡಿಯಬಹುದು.

ಎರಡನೆಯದು ಹಳೆಯ ಲೈಸೆನ್ಸು. ಲೈಸೆನ್ಸ್ ಪುಸ್ತಕವಾಗಿದ್ದ ಕಾಲದ ನಂಬರು ಸಾರಥಿಯಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ. ಹಾಗಿದ್ದರೆ ಅದನ್ನು ಕೊಟ್ಟ ಆರ್‌ಟಿಒದಲ್ಲೇ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ ಮಾಡಿಸಬೇಕು, ಆಮೇಲೆ ಸ್ಮಾರ್ಟ್ ಕಾರ್ಡು, ಆಮೇಲೆ ಐಡಿಪಿ. ಒಟಿಪಿ ಕಥೆಯೂ ಇದೇ: ಲೈಸೆನ್ಸ್ ಮಾಡಿಸಿದಾಗ ಡ್ರೈವಿಂಗ್ ಸ್ಕೂಲಿನವರು ತಮ್ಮದೇ ನಂಬರು ಹಾಕಿದ್ದರೆ ಒಟಿಪಿ ಅವರ ಫೋನಿಗೆ ಹೋಗುತ್ತದೆ. ಮೊಬೈಲ್ ನಂಬರನ್ನು ಮೊದಲು ತಿದ್ದಿಸಿ.

ಮೂರನೆಯದು ತಾರೀಖು. ಒಂದು ವರ್ಷ ಅನ್ನುವುದು ಐಡಿಪಿ ಕೊಟ್ಟ ದಿನದಿಂದ, ವಿಮಾನ ಹತ್ತಿದ ದಿನದಿಂದಲ್ಲ. ಲೈಸೆನ್ಸ್ ಅದಕ್ಕೂ ಮುಂಚೆ ಮುಗಿದರೆ ಐಡಿಪಿಯೂ ಅದರ ಜತೆಗೇ ಮುಗಿಯಿತು. ಲೈಸೆನ್ಸಿಗೆ ನಾಲ್ಕೈದು ತಿಂಗಳೇ ಬಾಕಿ ಇದ್ದರೆ ಮೊದಲು ಅದನ್ನು ರಿನ್ಯೂ ಮಾಡಿಸಿ. ಅವಧಿ ಮುಗಿಯುವ ಒಂದು ವರ್ಷ ಮುಂಚಿನಿಂದಲೇ ರಿನ್ಯೂವಲ್‌ಗೆ ಅರ್ಜಿ ಹಾಕಲು ಅವಕಾಶವಿದೆ. ಟಿಕೆಟ್ ಬುಕ್ ಆದ ಮೇಲೆ, ಹೊರಡಲು ಒಂದು ತಿಂಗಳು ಇರುವಾಗ ಐಡಿಪಿಗೆ ಅರ್ಜಿ ಹಾಕುವುದು ಸರಿಯಾದ ಸಮಯ.

ಐಡಿಪಿ ಪುಸ್ತಕ ಕೈಗೆ ಬಂದ ಕೂಡಲೇ ಬ್ಯಾಗಿಗೆ ಹಾಕಬೇಡಿ. ಕೌಂಟರಿನ ಎದುರೇ ನಿಂತು ತೆರೆದು ನೋಡಿ. ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟಿನಂತಿದೆಯೇ, ಲೈಸೆನ್ಸ್ ನಂಬರು ಸರಿಯೇ, ಫೋಟೊದ ಮೇಲೆ ಮೊಹರು ಬಿದ್ದಿದೆಯೇ ನೋಡಿ. ಲೈಸೆನ್ಸಿನ ವಿವರಕ್ಕೆ ಜೋಡಿಸಿದ ಕ್ಯುಆರ್ ಕೋಡ್ 2022ರ ಆಗಸ್ಟ್‌ನಲ್ಲಿ ಪ್ರಕಟವಾದ ಹೊಸ ನಮೂನೆಯ ಭಾಗ. ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿಯೇ ಹೊರಡಿ. ಇನ್ನು ಎ, ಬಿ, ಸಿ, ಡಿ, ಇ ಅಂತ ವಾಹನದ ವರ್ಗಗಳಿರುವ ಪುಟ. ಎ ಅಂದರೆ ಬೈಕು, ಸ್ಕೂಟರ್. ಬಿ ಅಂದರೆ ಚಾಲಕನಲ್ಲದೆ ಎಂಟು ಸೀಟಿನವರೆಗಿನ ಕಾರು. ನಿಮ್ಮ ಲೈಸೆನ್ಸಿನಲ್ಲಿ ಬೈಕು, ಕಾರು ಎರಡೂ ಇದ್ದು ಪುಸ್ತಕದಲ್ಲಿ ಬಿ ಎದುರು ಮಾತ್ರ ಮೊಹರಿದ್ದರೆ ಅಲ್ಲೇ ಹೇಳಿ ಹಾಕಿಸಿಕೊಳ್ಳಿ.

ಎ ಮೊಹರಿನ ಬೆಲೆ ಗೊತ್ತಾಗುವುದು ಥಾಯ್ಲೆಂಡಿನಲ್ಲಿ. ಫುಕೆಟ್‌ನ ಸ್ಕೂಟರ್ ಅಂಗಡಿಯವರು ಏನನ್ನೂ ಕೇಳದೆ ಕೀ ಕೊಡುತ್ತಾರೆ. ದಾರಿಯಲ್ಲಿ ಪೊಲೀಸರು ಕೇಳುತ್ತಾರೆ, ಬಿದ್ದು ಕಾಲು ಮುರಿದರೆ ಟ್ರಾವೆಲ್ ಇನ್ಶೂರೆನ್ಸ್‌ನವರು ಕೇಳುತ್ತಾರೆ. ಕಾರಿನ ಲೈಸೆನ್ಸ್ ಮಾತ್ರ ಇರುವವರು ಅಲ್ಲಿ ಸ್ಕೂಟರ್ ಮುಟ್ಟದಿರುವುದೇ ಕ್ಷೇಮ.

ವಿಯೆಟ್ನಾಮ್‌ಗೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಆ ದೇಶ ಒಪ್ಪುವುದು 1968ರ ಒಪ್ಪಂದದ ಪರ್ಮಿಟ್ಟನ್ನು. ನಮ್ಮದು 1949ರದ್ದು. ಅಂದರೆ ಆರ್‌ಟಿಒದಲ್ಲಿ ಸಾವಿರ ರೂಪಾಯಿ ಕಟ್ಟಿ ಮಾಡಿಸಿದ ಅಪ್ಪಟ ಐಡಿಪಿ ಕೂಡ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ‘ನಮ್ಮ ಫ್ರೆಂಡು ಓಡಿಸಿದ, ಏನೂ ಆಗಲಿಲ್ಲ’ ಅನ್ನುವ ಮಾತು ನಂಬಬೇಡಿ. ಅವರಿಗೆ ಏನೂ ಆಗಲಿಲ್ಲ, ಅಷ್ಟೇ. ಚೀನಾ ಯಾವ ಐಡಿಪಿಯನ್ನೂ ಒಪ್ಪುವುದಿಲ್ಲ. ದುಬೈಗೆ ವಿಸಿಟ್ ವೀಸಾದಲ್ಲಿ ಹೋದವರು ಐಡಿಪಿ ತೋರಿಸಿ ಬಾಡಿಗೆ ಕಾರು ಹಿಡಿಯಬಹುದು. ಅದೇ ಕೆಲಸದ ಮೇಲೆ ಹೋಗಿ ರೆಸಿಡೆನ್ಸ್ ವೀಸಾ ಆದ ಮೇಲೆ ಅಲ್ಲಿನ ಲೈಸೆನ್ಸೇ ಬೇಕು.

ಎಲ್ಲಿಗೆ ಹೋದರೂ ಅಸಲು ಲೈಸೆನ್ಸ್ ಕಾರ್ಡು ಜತೆಗಿರಲಿ. ಐಡಿಪಿ ಒಂದೇ ಇದ್ದರೆ ಅದಕ್ಕೆ ಬೆಲೆ ಇಲ್ಲ. ಡಿಜಿಲಾಕರ್ ತೋರಿಸಿದರೆ ಶ್ರೀರಂಗಪಟ್ಟಣದ ಹತ್ತಿರ ಪೊಲೀಸರು ಒಪ್ಪುತ್ತಾರೆ. ಒಸಾಕಾದ ಕೌಂಟರಿನವರಿಗೆ ಅದು ಫೋನಿನಲ್ಲಿರುವ ಒಂದು ಚಿತ್ರ. ಹೊರದೇಶದಲ್ಲಿರುವಾಗಲೇ ಐಡಿಪಿ ಅವಧಿ ಮುಗಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಬಹುದು, ಇದೂ 2021ರ ಅಧಿಸೂಚನೆಯಲ್ಲೇ ಬಂದದ್ದು.

ಈಗಾಗಲೇ ನಕಲಿ ಸೈಟಿಗೆ ಹಣ ಕಟ್ಟಿದ್ದರೆ ಕೂಡಲೇ ಬ್ಯಾಂಕಿಗೆ ಹೇಳಿ ಕಾರ್ಡ್ ಪಾವತಿಗೆ ತಕರಾರು ಹಾಕಿ, 1930ಕ್ಕೆ ಫೋನ್ ಮಾಡಿ, ಸೈಬರ್ ಅಪರಾಧದ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಿ. ಬೇಕಾದರೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ನಿಮ್ಮ ಸೆನ್ ಪೊಲೀಸ್ ಠಾಣೆಗೂ ಹೋಗಿ. ಹೋದ ದುಡ್ಡಿಗಿಂತ ದೊಡ್ಡ ಚಿಂತೆ ಪಾಸ್‌ಪೋರ್ಟ್ ಸ್ಕ್ಯಾನು, ಲೈಸೆನ್ಸು, ಸಹಿ ಮೂರೂ ಅವರ ಕೈಗೆ ಸೇರಿರುವುದು. ದೂರಿನಲ್ಲಿ ಅದನ್ನೂ ಬರೆಸಿ. ಪಾವತಿಯ ಸ್ಕ್ರೀನ್‌ಶಾಟ್, ಇಮೇಲ್‌ಗಳನ್ನು ಅಳಿಸಬೇಡಿ. ಕಾರ್ಡು ಮನೆಗೆ ಬಂದಿದ್ದರೆ ಸಿಟ್ಟಿನಲ್ಲಿ ಕತ್ತರಿಸಿ ಬಿಸಾಡಲೂ ಬೇಡಿ, ಲಕೋಟೆಯ ಸಮೇತ ಠಾಣೆಗೆ ಒಯ್ಯಿರಿ.